ಒಂದೇ ಅಳತೆಯ ಬಾರು

ನನ್ನದು ಅಂದಾಜಿನ ಕೈ. ಸಾರಿಗೆ ಉಪ್ಪು ಎಷ್ಟು ಎಂದು ಯಾರಾದರೂ ಕೇಳಿದರೆ ಮೂರು ಬೆರಳು ಜೋಡಿಸಿ ತೋರಿಸುತ್ತೇನೆ, ಅಷ್ಟೇ. ಆ ಮೂರು ಬೆರಳಿನ ನಡುವೆ ಎಷ್ಟು ಹಿಡಿಯುತ್ತದೆ ಎಂಬುದು ಅವತ್ತಿನ ನನ್ನ ಮನಸ್ಸಿನ ಮೇಲಿರುತ್ತದೆ. ಸಿಟ್ಟಿದ್ದ ದಿನ ಹೆಚ್ಚು, ಸುಸ್ತಾದ ದಿನ ಕಡಿಮೆ. ನಮ್ಮ ಯಜಮಾನರು ಪಾಪ, ಇದ್ದಷ್ಟು ದಿನವೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಊಟದ ನಡುವೆ ಎರಡು ತಂಬಿಗೆ ನೀರು ಕುಡಿದರೆಂದರೆ ನನಗೆ ತಿಳಿದುಹೋಗುತ್ತಿತ್ತು. ಅಡುಗೆಮನೆಯಲ್ಲಿ ಇದೆಲ್ಲ ನಡೆದೀತು. ಆದರೆ ನಾನು ಇದೇ ಕೈಯಿಂದ ಬಂದೂಕಿಗೂ ಮದ್ದು ತುಂಬುತ್ತಿದ್ದೆ ಎಂದರೆ ನೀವು ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ಎಳೆದುಕೊಳ್ಳಿ, ಪರವಾಗಿಲ್ಲ.

ನಾವು ಭೋಜ ಎಂಬ ಊರಿನ ಕಡೆಯ ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ನೀರನ್ನೂ ಸೋಸಿ ಕುಡಿಯುವವರು. ಇಂಥ ಮನೆಗೆ ಬಂದೂಕು ಯಾಕೆ ಬಂತೆಂದರೆ, ಕಬ್ಬಿಗೆ ಹಂದಿ ಬಂದವು ಅದಕ್ಕೆ. ಬೆಳೆ ಕಾಯಲು ಮಾವನವರ ಕಾಲದಿಂದಲೂ ಒಂದು ಲೈಸೆನ್ಸ್ ಇದೆ, ನಳಿಗೆಯ ಬಾಯಿಂದ ಮದ್ದು ಸುರಿದು ಗಜವೆಂಬ ಉದ್ದನೆಯ ಸಲಾಕೆಯಿಂದ ಜಡಿಯುವ ಹಳೆಯ ಬಂದೂಕು ಇದೆ. ಜೀವ ತೆಗೆಯುವಂತಿಲ್ಲ, ಬೆಳೆ ಕಳೆದುಕೊಳ್ಳುವಂತೆಯೂ ಇಲ್ಲ. ಹಾಗಾಗಿ ನಮ್ಮ ಮನೆತನದವರು ತಾವೇ ಒಂದು ಪದ್ಧತಿ ಮಾಡಿಕೊಂಡರು. ಮದ್ದು ಹಾಕುವುದು, ಕಾಗದದ ಉಂಡೆ ಹಾಕಿ ಜಡಿಯುವುದು, ಸೀಸದ ಛರ್ರೆ ಗುಂಡು ಮಾತ್ರ ಹಾಕದಿರುವುದು. ಸಂಜೆ ಊಟ ಮುಗಿಸಿ ಬದುವಿನ ಮೇಲೆ ನಿಂತು ಆಕಾಶಕ್ಕೆ ಒಂದು ಬಾರು ಹಾರಿಸಿದರೆ ಸದ್ದಿಗೇ ಹಂದಿ ಓಡುತ್ತವೆ. ಯಜಮಾನರು ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಜಮಾ ಮಾಡಲು ಹೋದರೆ ಅಲ್ಲಿಯ ಹವಾಲ್ದಾರರು, "ಬಾಯಾರ, ಈ ಸಲ ಎಷ್ಟ ಹಂದಿ ಹೊಡದ್ರಿ?" ಎಂದು ಕೇಳುತ್ತಾರೆ. "ಒಂದೂ ಇಲ್ಲರಿ" ಎಂದರೆ, "ಹಂಗಾರ ಬಂದೂಕ ನಮ್ಮ ಕಡೇನ ಇರಲಿ ಬಿಡ್ರಿ" ಎಂದು ನಗುತ್ತಾರೆ. ಬಿಡುವುದುಂಟೇ? ಆ ಬಂದೂಕಿನಿಂದ ನನಗೆ ಆಗುತ್ತಿದ್ದ ಉಪಕಾರ ಅವರಿಗೇನು ಗೊತ್ತು.

ಉಪಕಾರ ಎಂದರೆ ಕಸ್ತೂರಿ. ನಮ್ಮ ತೋಟದ ಮನೆಯ ಬೇಲಿಯಾಚೆ ಅವರ ಮನೆ. ನನಗಿಂತ ಐದಾರು ವರ್ಷ ಚಿಕ್ಕವಳು, ಮಗ, ಸೊಸೆ, ಮೊಮ್ಮಕ್ಕಳು, ನಾಲ್ಕು ಎಮ್ಮೆ ಎಂದು ಮನೆ ತುಂಬ ಗದ್ದಲ. ನಮ್ಮ ಮನೆಯಲ್ಲಿ ನಾನೊಬ್ಬಳು. ಮಕ್ಕಳಿಲ್ಲ. ಬೆಳಿಗ್ಗೆ ಎದ್ದು ನಾನು ಮಾತನಾಡಬೇಕೆಂದರೆ ಒಂದೋ ಫೋನು ಬರಬೇಕು, ಇಲ್ಲ ಕಸ್ತೂರಿ ಬರಬೇಕು. ಫೋನು ಬಂದರೆ ಸಾಲ ಬೇಕೇ ಎಂದು ಕೇಳುವವರದೇ. ಕಸ್ತೂರಿ ಮಾತ್ರ ನನ್ನ ಬಾರಿನ ಸದ್ದು ಕೇಳಿಕೊಂಡು ಬರುತ್ತಿದ್ದಳು. ವೈದ್ಯರು ನಾಡಿ ಹಿಡಿದು ನೋಡುತ್ತಾರಲ್ಲ, ಅವಳು ಸದ್ದು ಕೇಳಿ ನೋಡುತ್ತಿದ್ದಳು. ಮದ್ದು ಕಡಿಮೆ ಬಿದ್ದು ಸದ್ದು ಸಣ್ಣಗಾದರೆ ಮರುದಿನ ಬೆಳಿಗ್ಗೆಯೇ ಹಾಜರು. "ಯಾಕ್ರಿ ಅಕ್ಕಾರ, ನಿನ್ನಿ ಬಾರ ಕೆಮ್ಮಿಧಂಗ ಆತಲ್ಲ? ಉಂಡಿಲ್ಲೇನ್ರಿ?" ಎನ್ನುತ್ತ ಒಳಗೆ ಬಂದು ಕುಳಿತರೆ ಎರಡು ಚಹಾ, ಒಂದು ಅವಲಕ್ಕಿ, ಸೊಸೆಯ ಮೇಲಿನ ಅಷ್ಟೂ ದೂರು ಮುಗಿದ ಮೇಲೆಯೇ ಏಳುತ್ತಿದ್ದಳು. ಒಂದು ಸಂಜೆ ಯಜಮಾನರ ನೆನಪಾಗಿ, ಮದ್ದು ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿಬಿಟ್ಟೆ. ಮನೆಯ ಹಂಚು ನಡುಗಿತು, ನನ್ನ ಭುಜ ನೀಲಿಯಾಯಿತು. ಕಸ್ತೂರಿ ಅರಿಶಿನದ ಬಟ್ಟಲು ಹಿಡಿದುಕೊಂಡೇ ಓಡಿಬಂದಳು. "ಅಯ್ಯ ಯವ್ವಾ! ಹಂದಿ ಓಡಸಾಕ ಹೊಂಟಿದ್ರೋ, ಊರ ಓಡಸಾಕ ಹೊಂಟಿದ್ರೋ!" ಭುಜ ನೋಯುತ್ತಿತ್ತು ನಿಜ, ಆದರೆ ಯಾರೋ ನನ್ನ ಭುಜಕ್ಕೆ ಅರಿಶಿನ ಹಚ್ಚುತ್ತಿದ್ದಾರೆ ಎಂಬ ಸುಖವೇ ಹೆಚ್ಚಾಗಿತ್ತು.

ಹೀಗಿರುವಾಗ ಅಣ್ಣನ ಮಗ ಸನ್ಮತಿ ಬಂದ. ಕೊಲ್ಲಾಪುರದಲ್ಲಿರುತ್ತಾನೆ, ಅಲ್ಲಿ ಯಾವುದೋ ರೈಫಲ್ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಗುಂಡು ಹೊಡೆಯುವುದು ಅವನ ಹವ್ಯಾಸ. ನಾನು ಹಿತ್ತಾಳೆಯ ಚಮಚದಿಂದ ಮದ್ದು ಸುರಿಯುವುದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. "ಆತ್ಯಾ! ಇದೇನ ಚಟ್ನಿ ಪುಡಿ ಅನ್ಕೊಂಡಿಯೇನ? ಅಂದಾಜ ನಕೋ, ಬ್ಯಾಡ! ಒಂದಿನ ಕೈ ಹಾರಿ ಹೊಕ್ಕೈತಿ ನೋಡು!" ಎಂದು ಬೈದು, ಮುಂದಿನ ಸಲ ಬರುವಾಗ ಒಂದು ಎಲೆಕ್ಟ್ರಾನಿಕ್ ಯಂತ್ರವನ್ನೇ ತಂದು ದೇವರ ಕೋಣೆಯ ಪಕ್ಕದ ಮೇಜಿನ ಮೇಲೆ ಇಟ್ಟ. ಮೇಲೆ ಮದ್ದು ತುಂಬುವ ಡಬ್ಬಿ, ಮುಂದೆ ಅಂಕಿ ಕಾಣುವ ಕಿಟಕಿ, ಪಕ್ಕದಲ್ಲಿ ತಿರುಗುವ ಸಣ್ಣ ನಳಿಗೆ, ಅದರ ಕೆಳಗೆ ಬಟ್ಟಲು. ಗುಂಡಿ ಒತ್ತಿದರೆ ಗುರ್ ಎಂದು ಮದ್ದು ಸುರಿಸುತ್ತದೆ. ಅಳತೆ ಹತ್ತಿರ ಬಂದಂತೆ ಕೈ ಬಿಗಿ ಹಿಡಿದು ಒಂದೊಂದೇ ಕಾಳು ಉದುರಿಸುತ್ತದೆ. ಮುಗಿದಾಗ ಟುಂಯ್ ಎನ್ನುತ್ತದೆ. "ಈ ಅಂಕಿ ಮುಟ್ಟಬ್ಯಾಡ. ದಿನಾ ಬರೋಬರ್ ಇಷ್ಟ ಬೀಳತೈತಿ" ಎಂದು ಹೇಳಿ, ಹೋಗುವಾಗ ಬೇಲಿಯಾಚೆ ನಿಂತಿದ್ದ ಕಸ್ತೂರಿಗೂ ಯಂತ್ರದ ವಿಷಯ ತಿಳಿಸಿ, ಏನಾದರೂ ಆದರೆ ಇರಲೆಂದು ತನ್ನ ಫೋನ್ ನಂಬರು ಕೊಟ್ಟು ಹೋದ.

ಸುಳ್ಳೇಕೆ ಹೇಳಲಿ, ಮೊದಲ ಎಂಟು ದಿನ ನನಗೆ ಆ ಯಂತ್ರದ ಮೇಲೆ ಪ್ರೀತಿಯೇ ಹುಟ್ಟಿತು. "ಸಾಕೇನಪಾ?" ಎಂದರೆ "ಟುಂಯ್" ಎನ್ನುತ್ತಿತ್ತು. ಮನೆಯಲ್ಲಿ ನನ್ನ ಮಾತಿಗೆ ಉತ್ತರ ಕೊಡುವ ಒಂದು ವಸ್ತುವಾದರೂ ಬಂತಲ್ಲ! ಆದರೆ ಎಂಟು ದಿನ ಕಳೆಯಿತು, ಹದಿನೈದು ದಿನ ಕಳೆಯಿತು, ಕಸ್ತೂರಿ ಮಾತ್ರ ಬರಲಿಲ್ಲ. ಇಬ್ಬರಿಗೆ ಚಹಾ ಇಟ್ಟು, ಎರಡನ್ನೂ ನಾನೇ ಕುಡಿದು, ಪಿತ್ತವಾಯಿತು. ಅವಳ ಸೊಸೆಯನ್ನು ನಾನು ಹೊಗಳಿದ್ದೆನೇ ಎಂದು ಯೋಚಿಸಿದೆ. ಅವಳ ಎದುರು ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಹೊಗಳಿದ್ದು ನೆನಪಿಲ್ಲ. ಕೊನೆಗೊಂದು ಸಂಜೆ, ಬದುವಿನ ಮೇಲೆ ನಿಂತು ಬಾರು ಹಾರಿಸಿದಾಗ ಹೊಳೆಯಿತು. ನಿನ್ನೆಯದೂ ಇದೇ ಸದ್ದು, ಮೊನ್ನೆಯದೂ ಇದೇ. ನಾನು ಅತ್ತ ದಿನವೂ ಢಂ, ನಕ್ಕ ದಿನವೂ ಢಂ. ನನಗೆ ಏನಾಗಿದೆ ಎಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಸನ್ಮತಿ ಮುಟ್ಟಬೇಡ ಎಂದಿದ್ದ ಅಂಕಿಯನ್ನು ಮುಟ್ಟಿದೆ. ಅರ್ಧಕ್ಕಿಂತ ಕಡಿಮೆ ಮಾಡಿದೆ. ಆ ಸಂಜೆ ಬಂದೂಕು ಟುಸ್ ಎಂದಿತು. ಮರುದಿನ ಬೆಳಿಗ್ಗೆ ಸೀರೆ ಬದಲಿಸಿ, ಅವಲಕ್ಕಿ ತೊಯಿಸಿ, ಸ್ವಲ್ಪ ಕಾಯಿಲೆಯವಳಂತೆ ಹೊದ್ದುಕೊಂಡು ಕುಳಿತೆ. ಬಂದದ್ದು ಹಂದಿಗಳು ಮಾತ್ರ. ಬದುವಿನ ಪಕ್ಕದ ಎರಡು ಸಾಲು ಕಬ್ಬು ಮಲಗಿತ್ತು. ಎರಡನೆಯ ದಿನವೂ ಟುಸ್, ಮತ್ತೆರಡು ಸಾಲು ಕಬ್ಬು. ಮೂರನೆಯ ದಿನ ನನಗೆ ಸಿಟ್ಟು ಬಂತು. ಇಲ್ಲಿ ನಾನು ಸತ್ತೇ ಬಿದ್ದಿದ್ದರೆ? ಚಪ್ಪಲಿ ಮೆಟ್ಟಿಕೊಂಡು ನೇರ ಬೇಲಿ ದಾಟಿ ಅವಳ ಅಂಗಳಕ್ಕೆ ಹೋಗಿ ನಿಂತೆ.

ಕಸ್ತೂರಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ನನ್ನನ್ನು ನೋಡಿ ಕೈ ಹಾಗೇ ನಿಂತಿತು. "ಅಕ್ಕಾರ! ನಿಮ್ಮ ಯಜಮಾನ್ರ ಹೋದ ಮ್ಯಾಲ ನಮ್ಮ ಅಂಗಳಾ ತುಳದಿದ್ದ ಇಲ್ಲಲ್ರಿ ನೀವು. ಬರ್ರಿ, ಕುಂಡ್ರಿ." ನಾನು ಕೂರಲಿಲ್ಲ. "ಎರಡ ದಿನಾ ಬಾರ ಸಣ್ಣ ಆತು. ಕೇಳಸಲಿಲ್ಲೇನ ನಿನಗ?" ಎಂದೆ. "ಕೇಳಸ್ತಲ್ರಿ!" ಎಂದಳು ಅವಳು ಬಹಳ ಉಮೇದಿನಿಂದ. "ಮೊದಲ ಆವಾಜ ಸಣ್ಣ ಆದ್ರ ನಿಮಗೇನರ ಆಗೈತಿ ಅಂತ ಓಡಿ ಬರತಿದ್ದೆ. ಈಗ ಮಷೀನಿಗೇನರ ಆಗೈತಿ ಅನ್ಕೊಂಡೆ. ಅದರ ಸಲುವಾಗಿ ಸನ್ಮತಿಗೆ ಫೋನ್ ಸೈತ ಮಾಡಸೇನ್ರಿ, ಆಯಿತವಾರ ಬಂದ ನೋಡತೇನಿ ಅಂದಾನ. ಅಲ್ರೀ, ನಿಮಗೇನೂ ಆಗಿಲ್ಲಲ್ಲ?"

ಅವರ ಅಂಗಳದಿಂದ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು. ಎಣಿಸಿದರೆ ನಲವತ್ತು ಹೆಜ್ಜೆಯೂ ಆಗಲಿಕ್ಕಿಲ್ಲ. ಇಷ್ಟು ಹತ್ತಿರದ ಒಬ್ಬ ಹೆಂಗಸನ್ನು ಚಹಾಕ್ಕೆ ಕರೆಯಲು ನಾನು ಇಷ್ಟು ವರ್ಷ ಬಂದೂಕು ಹಾರಿಸುತ್ತಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. "ಮನ್ಯಾಗ ಒಬ್ಬಾಕಿಗೆ ಭಾಳ ಬ್ಯಾಸರ ಆಗೈತಿ ಕಸ್ತೂರಿ, ದಿನಾ ಬಂದು ಹೋಗ" ಎಂಬ ಮಾತು ಗಂಟಲವರೆಗೆ ಬಂದಿತ್ತು. ಬಾಯಿ ತೆರೆದೆ. "ನನಗೇನಾಗ್ತೈತಿ? ಮಷೀನ ಕೆಟ್ಟೈತಿ" ಎಂದೆ. "ನಾ ಹೇಳಿದ್ದಿಲ್ಲ?" ಎಂದು ಅವಳು ಸಮಾಧಾನದಿಂದ ಹಿಂಡಿ ಕಲಸತೊಡಗಿದಳು. ಅಷ್ಟಕ್ಕೇ ಬಿಡದೆ, "ನಾನೂ ಬರತೇನ್ರಿ ಆಯಿತವಾರ, ಅದೇನ ಕೆಟ್ಟೈತಿ ನೋಡೂನು" ಎಂದಳು.

ನಾಳೆ ಭಾನುವಾರ. ಸನ್ಮತಿ ಬರುತ್ತಾನೆ, ಕಸ್ತೂರಿ ಬರುತ್ತಾಳೆ. ಗುಂಡಿ ಒತ್ತಿದರೆ ಯಂತ್ರ ಟುಂಯ್ ಎಂದು ನನ್ನ ಮರ್ಯಾದೆ ತೆಗೆಯುವುದರಲ್ಲಿ ಸಂಶಯವಿಲ್ಲ. ಆದ್ದರಿಂದ ಇಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಚೆನ್ನಾಗಿದ್ದ ಆ ಯಂತ್ರದ ಹಿಂದಿನ ವೈರನ್ನು ಎರಡೂ ಕೈಯಿಂದ ಜಗ್ಗಿ ಕಿತ್ತೆ. ಬಲವಾಗಿತ್ತು, ಬೆವರು ಬಂತು. ಆದರೂ ಬೇಸರವಾಗಿದೆ ಎಂಬ ಒಂದು ಮಾತು ಹೇಳುವುದಕ್ಕಿಂತ ನನಗೆ ಇದೇ ಸುಲಭವಾಯಿತು.