ಟರ್ಬೊ ತಣ್ಣಗಾಗುವ ತನಕ

ಹೆಂಡತಿಗೆ ಒಳ್ಳೆಯದು ಮಾಡಲು ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೋಗುವ ಮೊದಲು ಕಾರಿನ ಬಾನೆಟ್ಟನ್ನು ಒಮ್ಮೆ ಎತ್ತಿ ನೋಡಿಕೊಳ್ಳಿ ಎಂದಷ್ಟೇ ಹೇಳುತ್ತೇನೆ. ನಾನು ನೋಡಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷ ಆ ಕಾರನ್ನು ಸಾಕಿದವನು, ಭಾನುವಾರ ತಪ್ಪದೆ ಅದಕ್ಕೆ ಅಭ್ಯಂಜನ ಮಾಡಿಸಿದವನು, ಒಂದು ಸಲವೂ ಅದರ ಬಾನೆಟ್ ಎತ್ತಿರಲಿಲ್ಲ. ಒಳಗಿನದು ಗ್ಯಾರೇಜಿನ ಮೇಸ್ತ್ರಿಯ ಇಲಾಖೆ, ಹೊರಗಿನದು ನನ್ನ ಇಲಾಖೆ ಎಂದು ಹಂಚಿಕೊಂಡಿದ್ದೆವು. (ಮನೆಯಲ್ಲೂ ಅದೇ ಏರ್ಪಾಡು. ಒಳಗಿನದೆಲ್ಲ ಅವಳದು, ಗೇಟಿನ ಹತ್ತಿರ ನಿಂತು ಮಾತಾಡುವುದು ನನ್ನದು.)

ಕಾರು ಜಪಾನಿನದು. ಇಲ್ಲಿ ಜೋಡಿಸಿ ಜಪಾನಿನ ಹೆಸರು ಅಂಟಿಸಿದ್ದಲ್ಲ. ಅಲ್ಲೇ ಹುಟ್ಟಿ, ಅಲ್ಲೇ ಯಾರದೋ ಕೈಯಲ್ಲಿ ಆರು ವರ್ಷ ಓಡಿ, ಹಡಗು ಹತ್ತಿ ಬಂದದ್ದು. ಬೂದು ಬಣ್ಣದ, ಹೊಟ್ಟೆ ಇನ್ನೇನು ನೆಲಕ್ಕೆ ತಾಗಬೇಕು ಎನ್ನುವಷ್ಟು ತಗ್ಗಿನ ಸೆಡಾನ್. ಡಿಕ್ಕಿಯ ಮೇಲೆ ಬೆಳ್ಳಿಯ ಬಣ್ಣದ ಅಕ್ಷರಗಳಲ್ಲಿ ‘ಟರ್ಬೊ’ ಎಂದು ಬರೆದಿತ್ತು. ಆ ಅಕ್ಷರಗಳನ್ನು ನಾನು ವಾರಕ್ಕೊಮ್ಮೆ ಹಳೆಯ ಬ್ರಶ್ಶಿಗೆ ಟೂತ್‌ಪೇಸ್ಟ್ ಹಾಕಿ ಉಜ್ಜುತ್ತಿದ್ದೆ. ಕಾರಿನ ಜೊತೆಗೆ ಬಂದ ದಪ್ಪ ಪುಸ್ತಕ ಪೂರ್ತಿ ಜಪಾನಿ ಭಾಷೆಯಲ್ಲಿತ್ತು. ಅದನ್ನು ನಾನು ಮೂರು ಸಲ ಆದ್ಯಂತ ಓದಿದ್ದೇನೆ, ಅಂದರೆ ಚಿತ್ರಗಳನ್ನು ನೋಡಿದ್ದೇನೆ.

ಮಾರಿದವನು ಕೀಲಿ ಕೈಗಿಡುವಾಗ ಒಂದು ಉಪದೇಶ ಮಾಡಿದ.

“ಸಾರ್, ಇದು ಮಾಮೂಲಿ ಗಾಡಿ ಅಲ್ಲ. ಇಂಜಿನ್ನಿಗೆ ಗಾಳಿ ಊದೋ ಟರ್ಬೊ ಇದೆ. ಊದಿ ಊದಿ ಅದು ಕೆಂಡದ ಹಾಗೆ ಕಾದಿರತ್ತೆ. ಮನೆಗೆ ಬಂದ ತಕ್ಷಣ ಆಫ್ ಮಾಡಿದ್ರೋ, ಸುಟ್ಟುಹೋಯ್ತು ಅಂತ ತಿಳ್ಕೊಳ್ಳಿ. ಎರಡು ನಿಮಿಷ ಇಂಜಿನ್ ಸುಮ್ಮನೆ ಓಡ್ತಾ ಇರ್ಲಿ. ಅದು ತಣ್ಣಗಾದ ಮೇಲೆ ಕೀ ತಿರುಗಿಸಿ.”

ಅಂದಿನಿಂದ ಆ ಎರಡು ನಿಮಿಷವನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದೆ. ಆಫೀಸಿನಿಂದ ಮನೆಗೆ ನಾಲ್ಕು ಕಿಲೋಮೀಟರು. ದಾರಿಯಲ್ಲಿ ಸೈಕಲ್ಲಿನವರು ನನ್ನನ್ನು ದಾಟಿ ಹೋಗಿ, ತಿರುಗಿ ನೋಡಿ, ಪಾಪ ಎಂದುಕೊಳ್ಳುತ್ತಿದ್ದರು. ಆ ವೇಗದಲ್ಲಿ ಟರ್ಬೊ ಕಾಯುವುದಿರಲಿ, ಎಚ್ಚರವಾಗುತ್ತಿತ್ತೋ ಇಲ್ಲವೋ. ಆದರೂ ಗೇಟಿನ ಒಳಗೆ ಬಂದು ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಹಸಿರು ಗಡಿಯಾರ ನೋಡುತ್ತ ಕುಳಿತುಬಿಡುತ್ತಿದ್ದೆ.

ಮೊದಲ ದಿನ ಗೇಟು ತೆರೆಯಲು ಬಂದ ಹೆಂಡತಿ ಗಾಬರಿಯಾದಳು. “ಏನ್ರೀ, ಇಳಿಯೋಕೆ ಆಗ್ತಿಲ್ವಾ? ಸೊಂಟ ಹಿಡ್ಕೊಳ್ತಾ?”

“ಟರ್ಬೊ ತಣ್ಣಗಾಗ್ಬೇಕು.”

“ಎಷ್ಟೊತ್ತು?”

“ಎರಡು ನಿಮಿಷ.”

“ನನ್ನ ಅಡುಗೆ ತಣ್ಣಗಾದ್ರೆ ಪರವಾಗಿಲ್ಲ, ನಿಮ್ಮ ಟರ್ಬೊ ಬಿಸಿ ಇರ್ಬಾರ್ದು” ಎಂದು ಮೂಗು ಮುರಿದಳು. ಆದರೆ ಒಳಗೆ ಹೋಗಲಿಲ್ಲ. ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಬಂದು ಕುಳಿತಳು. “ಸೀಟು ಮೆತ್ತಗಿದೆ ಕಣ್ರೀ” ಎಂದಳು.

ಆಗ ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದೆ. ಊರಿನ ಯಾವ ನಲ್ಲಿ ಬತ್ತಿದರೂ ಬೈಗುಳ ಮಾತ್ರ ಧಾರಾಕಾರವಾಗಿ ನನ್ನ ಮೇಜಿಗೇ ಬರುತ್ತಿತ್ತು. ಸ್ಕೂಟರಿನ ಕಾಲದಲ್ಲಿ ನಾನು ಆ ಸಿಟ್ಟನ್ನೆಲ್ಲ ಹೊತ್ತು ತಂದು ಹೊಸ್ತಿಲಲ್ಲೇ ಸುರಿಯುತ್ತಿದ್ದೆ, ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ, ದೀಪ ಯಾಕೆ ಉರಿಯುತ್ತಿದೆ ಎಂದು. ಮನೆಯಲ್ಲಿ ಇದ್ದದ್ದು ಎರಡು ಕೋಣೆ. ಒಂದರಲ್ಲಿ ನನ್ನ ಅಮ್ಮ, ಇನ್ನೊಂದರಲ್ಲಿ ಅವಳ ಹೊಲಿಗೆ ಮೆಷಿನ್ನು, ಬಟ್ಟೆ ಅಳತೆ ಕೊಡಲು ಬಂದವರು ಮತ್ತು ಗಟ್ಟಿಯಾಗಿ ಮಗ್ಗಿ ಹೇಳುವ ಮಗಳು. ಗಂಡ ಹೆಂಡತಿ ಒಂದು ಮಾತು ಆಡಬೇಕಾದರೆ ಸಭೆಗೆ ಅರ್ಜಿ ಹಾಕಬೇಕಾದ ಪರಿಸ್ಥಿತಿ. ಹೀಗಾಗಿ ಆ ಕಾರೇ ನಮ್ಮ ಮೂರನೆಯ ಕೋಣೆಯಾಯಿತು.

ಅವಳು ದಿನವೂ ಬಂದು ಕೂರತೊಡಗಿದಳು. ಕಾರಿನ ಶಬ್ದ ತಿರುವಿನಲ್ಲಿ ಕೇಳಿಸಿದ ಕೂಡಲೇ ಮೆಷಿನ್ನಿನ ಗಾಲಿ ನಿಲ್ಲುತ್ತಿತ್ತಂತೆ, ಮಗಳು ಹೇಳುತ್ತಿದ್ದಳು. ಎರಡು ನಿಮಿಷದಲ್ಲಿ ಎಷ್ಟು ಮಾತು ಹಿಡಿಸುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಮಗಳು ಗಣಿತದಲ್ಲಿ ಕೈಕೊಟ್ಟದ್ದು, ಅಮ್ಮನಿಗೆ ಕಿವಿ ಮಂದವಾಗಿರುವುದು ನಿಜವೋ ನಾಟಕವೋ ಎಂಬುದು, ಬಟ್ಟೆ ಹೊಲಿಸಲು ಬಂದ ಮಹಾತಾಯಿ ತಾನು ದಪ್ಪಗಾಗಿಲ್ಲ, ನಿನ್ನ ಟೇಪೇ ಕುಗ್ಗಿದೆ ಎಂದು ಜಗಳ ತೆಗೆದದ್ದು, ಎಲ್ಲವೂ ನನಗೆ ಗೊತ್ತಾದದ್ದು ಆ ಸೀಟಿನಲ್ಲಿ. ಒಂದು ಸಂಜೆ ಅವಳು ಬಂದು ಕುಳಿತು, ಕವರಿನಿಂದ ಒಂದು ಕಾಗದ ತೆಗೆದು ಕೊಟ್ಟಳು. ಅವಳ ಪರೀಕ್ಷೆಯ ವರದಿ. ಗಡ್ಡೆ ಕೆಟ್ಟದ್ದಲ್ಲ ಎಂದಿತ್ತು. ಗಡ್ಡೆಯಿದ್ದದ್ದೇ ನನಗೆ ಗೊತ್ತಿರಲಿಲ್ಲ, ಒಂದು ತಿಂಗಳು ನುಂಗಿಕೊಂಡಿದ್ದಳು. ಆವತ್ತು ಇಂಜಿನ್ ಇಪ್ಪತ್ತು ನಿಮಿಷ ಓಡಿತು. ನಾನು ಅತ್ತದ್ದನ್ನು ಅವಳು ಯಾರಿಗೂ ಹೇಳಿಲ್ಲ, ಈಗ ನಾನೇ ಹೇಳುತ್ತಿದ್ದೇನೆ.

ಎದುರುಮನೆಯ ಗಣಿತದ ಮೇಷ್ಟ್ರು ಸಂಜೆ ತಮ್ಮ ಜಗಲಿಯಲ್ಲಿ ಪೇಪರು ಹಿಡಿದು ಕೂರುವವರು. ನಾನು ಕಾರಿನಲ್ಲಿ ಕುಳಿತಿದ್ದು ಕಂಡರೆ, “ಏನ್ ಸಾರ್, ಟರ್ಬೊ ತಣ್ಣಗಾಯ್ತಾ?” ಎಂದು ಕೂಗಿ ಕೇಳುತ್ತಿದ್ದರು. ನಾನು ಇಳಿದು ಹೋಗಿ ಗೇಟಿನ ಆಚೆಯಿಂದ ಅವರಿಗೆ ಟರ್ಬೊ ಶಾಸ್ತ್ರ ಬೋಧಿಸುತ್ತಿದ್ದೆ. “ನಿಮಿಷಕ್ಕೆ ಎಷ್ಟು ಡಿಗ್ರಿ ಇಳಿಯಬಹುದು ಸಾರ್?” ಎಂದು ಅವರು ವಿನಯದಿಂದ ಕೇಳುತ್ತಿದ್ದರು. ಜ್ಞಾನದ ಹಸಿವೆಂದರೆ ಇದು ಎಂದುಕೊಳ್ಳುತ್ತಿದ್ದೆ.

ಈಗ ನಾನು ನಿವೃತ್ತ. ಅಮ್ಮ ಇಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು, ಎರಡು ಬೀದಿ ಆಚೆ ಅವಳ ಮನೆ. ಮನೆಯಲ್ಲಿ ಬೇಕಾದಷ್ಟು ಹೊತ್ತು ಮಾತಾಡಬಹುದು. ಆದರೂ ಪೇಟೆಗೆ ಹೋಗಿ ಬಂದರೆ ನಾವಿಬ್ಬರೂ ಎರಡು ನಿಮಿಷ ಕಾರಿನಲ್ಲಿ ಕೂರುವುದು ತಪ್ಪಿಲ್ಲ. ತೊಂದರೆ ಶುರುವಾದದ್ದು ಅವಳ ಮಂಡಿಯಿಂದ. ಆ ತಗ್ಗು ಸೀಟಿಗೆ ಇಳಿಯುವಾಗ ಒಂದು ‘ಅಮ್ಮಾ’, ಏಳುವಾಗ ಎರಡು. ನನ್ನ ತಲೆಗೆ ಆಗ ಒಂದು ದಿವ್ಯ ಆಲೋಚನೆ ಹೊಳೆಯಿತು. ಈ ಕಾರನ್ನು ಮಾರಿ, ಎತ್ತರ ಸೀಟಿನ ಸಣ್ಣ ಕಾರು ತಂದರೆ ಹೇಗೆ? ನನಗೆ ಕರುಳು ಕಿತ್ತುಬರುವ ವಿಚಾರ. ಆದರೆ ತ್ಯಾಗ ಮಾಡುವಾಗ ಒಂದು ರೀತಿಯ ಸುಖವಿರುತ್ತದೆ, ಅದರಲ್ಲೂ ನಾಲ್ಕು ಜನರಿಗೆ ಹೇಳಿಕೊಂಡು ಮಾಡುವಾಗ.

ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕತ್ತರಿ ಕೆಳಗಿಟ್ಟಳು.

“ಯಾರು ಕೇಳಿದ್ರು ನಿಮ್ಮನ್ನ?”

“ನಿನ್ನ ಮಂಡಿ ಕೇಳ್ತಿದೆಯಲ್ಲ ದಿನಾ.”

“ಮಂಡಿ ನೋಯೋದು ಹತ್ತುವಾಗ, ಇಳಿಯುವಾಗ. ಕೂತ್ಮೇಲೆ ನೋಯಲ್ಲ.”

“ಹತ್ತದೆ ಹೇಗೆ ಕೂರ್ತೀಯ?”

ಅವಳು ಮುಖ ಊದಿಸಿಕೊಂಡು ಮೆಷಿನ್ನು ತುಳಿಯತೊಡಗಿದಳು. ಇಪ್ಪತ್ತೆರಡು ವರ್ಷ ಆ ಕಾರನ್ನು ಸವತಿ ಎಂದು ಕರೆದವಳಿಗೆ ಈಗ ಇದೇನು ಪ್ರೀತಿ ಎಂದು ನನಗೆ ತಿಳಿಯಲಿಲ್ಲ. ಮಗಳಿಂದ ಫೋನಿನಲ್ಲಿ ಜಾಹೀರಾತು ಹಾಕಿಸಿದೆ. “ಅಸಲಿ ಟರ್ಬೊ ಅಂತ ಬರಿಯಮ್ಮ” ಎಂದೆ. ಮಗಳಿಗೆ ಯಾಕೋ ಕೆಮ್ಮು ಬಂತು. “ಅಪ್ಪಾ, ಅಮ್ಮನ್ನ ಒಂದು ಮಾತು ಕೇಳಿ” ಎಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನವೇ ಒಬ್ಬರು ಬಂದರು. ಹಲ್ಲಿನ ಡಾಕ್ಟರು. ಓದುವ ಕಾಲದಲ್ಲಿ ಇದೇ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದರಂತೆ. ಡಿಕ್ಕಿಯ ಅಕ್ಷರಗಳನ್ನು ಬೆರಳಿನಿಂದ ಸವರಿ, “ಎಷ್ಟು ಬಿಳುಪು!” ಎಂದರು. ಟೂತ್‌ಪೇಸ್ಟಿನ ಗುಟ್ಟು ಹೇಳಿದೆ. ನಮಗೆ ತಕ್ಷಣ ಸ್ನೇಹವಾಯಿತು.

“ಟರ್ಬೊ ಸದ್ದು ಬರತ್ತಾ ಸಾರ್ ಇನ್ನೂ?”

“ಬರತ್ತಾ ಅಂತೀರಾ! ಮೂರನೇ ಗೇರಿಗೆ ಬಿದ್ರೆ ಸಾಕು, ಸುಂಯ್ಯ್ ಅಂತ...” ಎಂದು ನಾನು ಬಾಯಿಂದಲೇ ಊದಿ ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೆಲ ನೋಡಿದಳು.

ಡಾಕ್ಟರು ಬಾನೆಟ್ ಎತ್ತಿದರು. ಬಾಯಿಯೊಳಗೆ ಬಗ್ಗಿ ನೋಡುವ ಅಭ್ಯಾಸವಿದ್ದವರು, ಚೆನ್ನಾಗಿಯೇ ಬಗ್ಗಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಫೋನಿನ ದೀಪ ಹಚ್ಚಿ ಮೂಲೆಗೆಲ್ಲ ಬಿಟ್ಟರು.

“ಸಾರ್, ಟರ್ಬೊ ಎಲ್ಲಿ?”

“ಅಲ್ಲೇ ಇರತ್ತೆ ನೋಡಿ, ಒಳಗೆ” ಎಂದೆ ನಾನು ದೂರದಿಂದಲೇ, ಗಂಭೀರವಾಗಿ.

“ಇಲ್ಲಿಲ್ಲ ಸಾರ್. ಇದು ಮಾಮೂಲಿ ಇಂಜಿನ್ನು. ಟರ್ಬೊ ಬರೋದೇ ಇಲ್ಲ ಇದಕ್ಕೆ.”

ನನಗೆ ಪಿತ್ತ ನೆತ್ತಿಗೇರಿತು. ಮೇಸ್ತ್ರಿ ಮೋಸ ಮಾಡಿದ! ಹೊಗೆ ಮೂಸಿ ಮೂಸಿಯೇ ಕಾಯಿಲೆ ಹೇಳುತ್ತಿದ್ದ ಆ ಮೂಸುಮೇಸ್ತ್ರಿಯನ್ನು ನಾನು ದೇವರಂತೆ ನಂಬಿದ್ದೆ. “ಕದ್ದಿದ್ದಾನೆ! ಪೊಲೀಸಿಗೆ ಹೋಗ್ತೀನಿ!” ಎಂದು ಬೀದಿಗೆ ಕೇಳುವಂತೆ ಕೂಗಿದೆ.

“ಕೂಗ್ಬೇಡಿ. ತರ್ತೀನಿ” ಎಂದಳು ಹೆಂಡತಿ. ಒಳಗೆ ಹೋದಳು. ಹಿತ್ತಿಲ ಬಾಗಿಲು ಧಡಾರೆಂದು ಹಾಕಿಕೊಂಡ ಸದ್ದು ಕೇಳಿಸಿತು. ಬರುವಾಗ ಎರಡೂ ಕೈಯಲ್ಲಿ ಆ ಕಬ್ಬಿಣದ ಗಟ್ಟಿಯನ್ನು ಹೊತ್ತು ತಂದಳು.

ಆ ಗಟ್ಟಿಯ ವಿಚಾರ ನಾನು ಹೇಳಲಿಲ್ಲ ಅಲ್ಲವೇ? ನಮ್ಮ ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿಟ್ಟಿದ್ದ, ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡ ಒಂದು ಭಾರದ ವಸ್ತು. ನನ್ನ ಬಲಗಾಲಿನ ಕಿರುಬೆರಳು ಅದಕ್ಕೆ ಎಡವದ ವಾರವಿಲ್ಲ. ಹಿಂದೊಮ್ಮೆ ಏನಿದು ಎಂದು ಕೇಳಿದಾಗ, “ಯಾವುದೋ ಹಳೇ ನೀರಿನ ಪಂಪಿಂದು” ಎಂದಿದ್ದಳು. ನೀರಿನ ಇಲಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ನಾನು ಅದನ್ನು ಎತ್ತಿ ತಿರುಗಿಸಿ ನೋಡಿ, “ಹೌದು, ಹಳೇ ಕಾಲದ ಪಂಪು. ಈಗಿನವರ ಕೈಲಿ ಇಂಥ ಕೆಲಸ ಆಗಲ್ಲ” ಎಂದು ದೃಢೀಕರಿಸಿದ್ದೆ. ಬಂದ ನೆಂಟರಿಗೂ ತೋರಿಸಿದ್ದೆ.

ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು ಬಾಯಿಯೊಳಗೆ ಇಣುಕಿದರು. “ಇದೇ ಸಾರ್ ಟರ್ಬೊ. ಪಾಪ, ಒಳಗಿನ ರೆಕ್ಕೆಗಳೆಲ್ಲ ಮುರಿದಿವೆ. ಕೀಳಿಸಿದ್ದೇ ಒಳ್ಳೇದಾಯ್ತು” ಎಂದು ವೃತ್ತಿಧರ್ಮದ ಒಂದು ಮಾತಾಡಿ, ನೀರು ಕುಡಿದು, ಬಹಳ ಮರ್ಯಾದೆಯಿಂದ ಹೊರಟುಹೋದರು.

ಕತೆ ಆಮೇಲೆ ಹೊರಬಿತ್ತು. ಒಂಬತ್ತು ವರ್ಷದ ಕೆಳಗೆ ನಾನು ಬೆನ್ನುನೋವಿನಿಂದ ಒಂದೂವರೆ ತಿಂಗಳು ಹಾಸಿಗೆ ಹಿಡಿದಿದ್ದೆ. ಆಗ ಮಗಳೇ ಓಡಿಸಿಕೊಂಡು ನನ್ನ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಏರಿನಲ್ಲಿ ಕಾರು ಕಿರುಚಿಕೊಂಡು ನೀಲಿ ಹೊಗೆ ಬಿಟ್ಟಿತಂತೆ. ಟರ್ಬೊ ಹೋಗುವಾಗ ಇಂಜಿನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅಂಥದೇ ಇನ್ನೊಂದು ಸಿಗಲಿಲ್ಲ. ಗುಜರಿಯಲ್ಲಿ ಅದೇ ಕಾರಿನ ಸಾದಾ ಇಂಜಿನ್ನು ಸಿಕ್ಕಿತು, ಮೂಸುಮೇಸ್ತ್ರಿ ಅದನ್ನೇ ಕೂರಿಸಿದ. ಎದ್ದು ಓಡಾಡುವಂತಾದ ಮೇಲೆ ನಾನು ಮೊದಲ ಸಲ ಓಡಿಸಿ ಬಂದು ಏನು ಹೇಳಿದ್ದೆ ಗೊತ್ತೇ? “ಮೇಸ್ತ್ರಿ ಕೈಯಲ್ಲಿ ಏನೋ ಇದೆ ಕಣೇ. ಟರ್ಬೊ ಈಗ ಇನ್ನೂ ಮೃದುವಾಗಿ ಎಳೀತದೆ.” ಅವಳು ಅಕ್ಷರಶಃ ಒಪ್ಪಿಸಿದಳು, ನನ್ನ ದನಿಯಲ್ಲೇ.

“ಒಂಬತ್ತು ವರ್ಷ!” ನಾನು ಅರಚಿದೆ. “ಇಲ್ಲದ ಟರ್ಬೊನ ತಣ್ಣಗೆ ಮಾಡ್ತಾ ಕೂತಿದ್ದೆ. ನೀನು ಪಕ್ಕದಲ್ಲೇ ಕೂತು ನೋಡ್ತಾ ಇದ್ದೆ!”

“ಹೇಳೋಣ ಅಂತಾನೇ ಆವತ್ತು ಬಂದು ಕೂತೆ ಕಣ್ರೀ. ನೀವು ಗಡಿಯಾರ ನೋಡ್ಕೊಂಡು ಕೂತಿದ್ರಿ. ಹೇಳಿಬಿಟ್ರೆ, ನಾಳೆಯಿಂದ ಬಂದ ತಕ್ಷಣ ಕೀ ತಿರುಗಿಸಿ ಸೀದಾ ಒಳಗೆ ಹೋಗಿಬಿಡ್ತೀರಿ ಅನ್ನಿಸ್ತು. ಸರಿ, ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ.”

“ಆಮೇಲೆ?”

“ಆಮೇಲೇನು. ದಿನಾ ನಾಳೆ ಹೇಳೋಣ ಅಂದ್ಕೊಳ್ತಿದ್ದೆ.”

ಎಷ್ಟೇ ಆದರೂ ಗಂಡಸು ಸಿಟ್ಟನ್ನು ಅಷ್ಟು ಬೇಗ ಬಿಡುವುದಕ್ಕೆ ಆಗುವುದಿಲ್ಲ. ಟರ್ಬೊವನ್ನು ಎತ್ತಿಕೊಂಡು ಹೋಗಿ ಹಿತ್ತಿಲ ಬಾಗಿಲಿಗೆ ಒತ್ತಿಟ್ಟು ಬಂದೆ. ಬರುವಾಗ ಕಿರುಬೆರಳು ಎಡವಿತು. ಸದ್ದು ಮಾಡದೆ ನುಂಗಿಕೊಂಡೆ.

ಸಂಜೆ ಬ್ರೆಡ್ಡು ತರಲು ಇಬ್ಬರೂ ಹೋದೆವು. ಗೇಟಿನ ಒಳಗೆ ಬಂದು ನಿಲ್ಲಿಸಿದವನೇ, ಜೀವನದಲ್ಲಿ ಮೊದಲ ಬಾರಿಗೆ, ಠಕ್ಕನೆ ಕೀ ತಿರುಗಿಸಿದೆ. ಇಂಜಿನ್ ನಿಂತಿತು. ಅಷ್ಟು ನಿಶ್ಶಬ್ದವನ್ನು ನಾನು ಆ ಕಾರಿನಲ್ಲಿ ಕೇಳಿರಲಿಲ್ಲ.

ಅವಳು ಇಳಿಯಲಿಲ್ಲ. ಬ್ರೆಡ್ಡಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಗಾಜನ್ನೇ ನೋಡುತ್ತ ಕುಳಿತಿದ್ದಳು.

“ಯಾಕ್ರೀ ಆಫ್ ಮಾಡಿದ್ರಿ?”

“ತಣ್ಣಗಾಗೋಕೆ ಅಲ್ಲೇನಿದೆ?”

“ನಂಗೆ ನಿಮ್ಮ ಹತ್ರ ಮಾತಾಡೋದಿದೆ. ಸ್ಟಾರ್ಟ್ ಮಾಡಿ.”

ಮಾತಾಡಲು ಇಂಜಿನ್ ಯಾಕೆ ಓಡಬೇಕು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೀ ತಿರುಗಿಸಿದೆ. ಹಸಿರು ಗಡಿಯಾರ ಬೆಳಗಿತು. ಅವಳು ನಿಟ್ಟುಸಿರು ಬಿಟ್ಟು, ಹೊಲಿಸಲು ಬಂದವಳೊಬ್ಬಳ ವಿಚಾರ ಶುರುಮಾಡಿದಳು. ನಾಳೆ ಫೋನಿನಿಂದ ಜಾಹೀರಾತು ತೆಗೆಸಬೇಕು, ಅವಳ ಸೀಟಿಗೆ ಒಂದು ದಪ್ಪ ದಿಂಬು ಮಾಡಿಸಬೇಕು, ಅವಳು ಇಳಿಯುವ ಜಾಗದಲ್ಲಿ ಕೈಗೆ ಆಸರೆಯಾಗಿ ಗೋಡೆಗೊಂದು ಹಿಡಿಕೆಯನ್ನೂ ಹಾಕಿಸಬೇಕು ಎಂದುಕೊಳ್ಳುತ್ತ ನಾನು ಕೇಳಿಸಿಕೊಂಡೆ.

“ಏನ್ ಸಾರ್, ಟರ್ಬೊ ತಣ್ಣಗಾಯ್ತಾ?” ಎದುರಿನ ಜಗಲಿಯಿಂದ ಮೇಷ್ಟ್ರ ದನಿ ಬಂತು.

ಇಷ್ಟು ವರ್ಷ ಗಮನಿಸದ ಒಂದು ಸಂಗತಿ ಆಗ ಕಣ್ಣಿಗೆ ಬಿತ್ತು. ಮೇಷ್ಟ್ರು ಕೇಳಿದ್ದು ನನ್ನನ್ನು, ನೋಡಿದ್ದು ನನ್ನ ಹೆಂಡತಿಯನ್ನು. ಅವಳು ಮುಖ ಆಚೆ ತಿರುಗಿಸಿ, ಭುಜ ಕುಲುಕುತ್ತ ನಗು ತಡೆದುಕೊಳ್ಳುತ್ತಿದ್ದಳು.

“ಅವರಿಗೂ ಗೊತ್ತಾ?” ಎಂದೆ ಮೆಲ್ಲಗೆ.

“ಇಡೀ ಬೀದಿಗೆ ಗೊತ್ತು ಕಣ್ರೀ” ಎಂದಳು.

ಒಂಬತ್ತು ವರ್ಷದ ನನ್ನ ಬೋಧನೆಗಳೆಲ್ಲ ಒಂದೊಂದಾಗಿ ನೆನಪಾದವು. ಕಿವಿ ಬಿಸಿಯಾಯಿತು. ಇಳಿದು ಓಡಿಬಿಡಬಹುದಿತ್ತು. ಆದರೆ ಗಡಿಯಾರದಲ್ಲಿ ಇನ್ನೂ ಒಂದೇ ನಿಮಿಷ ಕಳೆದಿತ್ತು, ಅವಳ ಕತೆಯೂ ಅರ್ಧಕ್ಕೆ ನಿಂತಿತ್ತು. ನಾನು ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಎಂದಿನ ಗಾಂಭೀರ್ಯದಿಂದ ಹೇಳಿದೆ:

“ಇನ್ನೊಂದು ನಿಮಿಷ ಬೇಕು ಮೇಷ್ಟ್ರೇ.”

ಮೇಷ್ಟ್ರು ತಮ್ಮ ಕೈಗಡಿಯಾರ ನೋಡಿಕೊಂಡು, “ಆಗ್ಲಿ ಆಗ್ಲಿ, ಅವಸರ ಮಾಡ್ಬೇಡಿ” ಎಂದು ಪೇಪರು ಮುಖಕ್ಕೆ ಹಿಡಿದರು.