ಕುಳ್ಳ ಕಾರಿನ ಶಾಕು, ಮೂರಂತಸ್ತಿನ ಕೇಕು

ನನ್ನ ಕಾರನ್ನು ಮೊದಲ ಸಲ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಏನ್ ಸಾರ್, ನಾಲ್ಕೂ ಟೈರು ಪಂಕ್ಚರಾ?"

ಪಾಮರರು! ಅವರಿಗೇನು ಗೊತ್ತು? ಕಂಪನಿಯವರು ಕೊಟ್ಟಿದ್ದ ಉದ್ದನೆಯ ಸ್ಪ್ರಿಂಗುಗಳನ್ನು ಬಿಚ್ಚಿಸಿ, ಗಿಡ್ಡ ಸ್ಪ್ರಿಂಗು ಹಾಕಿಸಿ, ನನ್ನ ಪುಟ್ಟ ಕಾರನ್ನು ಭೂತಾಯಿಗೆ ಅಷ್ಟು ಹತ್ತಿರ ತಂದವನು ನಾನು. ನೀರು ಸರಬರಾಜು ಕಚೇರಿಯಲ್ಲಿ ಕೂತು ದಿನವಿಡೀ "ನಮ್ಮ ಬೀದಿಗೆ ನೀರು ಬಂದಿಲ್ಲ" ಎಂಬ ಬೈಗುಳ ಕೇಳಿಸಿಕೊಳ್ಳುವವನಿಗೆ ಬದುಕಿನಲ್ಲಿ ಒಂದಾದರೂ ಗತ್ತು ಬೇಡವೇ? ತಗ್ಗಿಸಿದ ಕಾರು ಬೀದಿಯಲ್ಲಿ ಹೊರಟರೆ ಹೊಂಚು ಹಾಕಿದ ಚಿರತೆಯಂತೆ ಕಾಣುತ್ತದೆ. (ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿಯ ಪ್ರಕಾರ ಅದು ಇಸ್ತ್ರಿಪೆಟ್ಟಿಗೆ. ಮಾವನವರ ಪ್ರಕಾರ ಆಮೆ.)

"ಈ ಮನೇಲಿ ತಗ್ಗಿ ಬಗ್ಗಿ ನಡೆಯೋರು ಆಗಲೇ ಒಬ್ರಿದ್ರಲ್ಲ, ಸಾಕಾಗ್ಲಿಲ್ವಾ?" ಎಂದು ನನ್ನವಳು ಅಂದೇ ಕೇಳಿದ್ದಳು. ನಾನು ತಗ್ಗಿ ಬಗ್ಗಿಯೇ ಕಾರು ಒರೆಸತೊಡಗಿದೆ.

ಚಿರತೆ ಚೆನ್ನಾಗಿಯೇ ಇತ್ತು. ಆದರೆ ಸ್ಪ್ರಿಂಗು ಬದಲಾಯಿಸಿದವನು ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿರಲಿಲ್ಲ. ಉದ್ದ ಸ್ಪ್ರಿಂಗಿಗೆಂದು ಹುಟ್ಟಿದ ಶಾಕುಗಳು ಗಿಡ್ಡ ಸ್ಪ್ರಿಂಗಿನ ಸಂಸಾರದಲ್ಲಿ ಉಸಿರಾಡಲು ಜಾಗವಿಲ್ಲದೆ, ರಸ್ತೆಯ ಪ್ರತಿ ಉಬ್ಬಿಗೂ ತಲೆ ಚಚ್ಚಿಕೊಂಡು, ಎಣ್ಣೆ ಸುರಿಸಿಕೊಂಡು ಒಂದೊಂದಾಗಿ ಪ್ರಾಣ ಬಿಟ್ಟವು. ಆಮೇಲೆ ನನ್ನ ಕಾರು ಒಂದು ಉಬ್ಬು ದಾಟಿದರೆ ಮುಂದಿನ ತಿರುವಿನವರೆಗೂ ಹೂಂ, ಹೂಂ ಎಂದು ತಲೆದೂಗುತ್ತಲೇ ಹೋಗುತ್ತಿತ್ತು. ನನಗೇನೋ ಅಭ್ಯಾಸವಾಗಿತ್ತು. ಕೇಕುಗಳಿಗೆ ಆಗಲಿಲ್ಲ.

ಕೇಕಿನ ವಿಷಯ ಹೇಳಬೇಕು. ನನ್ನ ಹೆಂಡತಿ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳೆ. ಅವಳ ಕೈಯಲ್ಲಿ ಹಿಟ್ಟೂ ಸಕ್ಕರೆಯೂ ಎರಡು ಮಾತಾಡುವುದಿಲ್ಲ. (ನಾನೂ ಅಷ್ಟೇ.) ತನ್ನದೇ ಒಂದು ದೊಡ್ಡ ಅಡುಗೆಮನೆ, ಆಳೆತ್ತರದ ಓವನ್ನು ಎಂದು ಎಷ್ಟೋ ವರ್ಷಗಳಿಂದ ಕನಸು ಕಾಣುತ್ತಿದ್ದಾಳೆ. ಹೀಗಿರುವಾಗ ಯಾರದೋ ನಿವೃತ್ತಿ ಸಮಾರಂಭಕ್ಕೆ ಎರಡಂತಸ್ತಿನ ಕೇಕನ್ನು ನನ್ನ ಚಿರತೆಯಲ್ಲಿ ಒಯ್ದೆವು. ಡಿಕ್ಕಿ ತೆರೆದು ನೋಡಿದರೆ ಮೇಲಂತಸ್ತು ಕೆಳಗಂತಸ್ತಿನ ಹೆಗಲಿಗೆ ಒರಗಿ ಕಣ್ಣೀರು ಸುರಿಸುತ್ತಿತ್ತು. ನಿವೃತ್ತಿಯ ಸಂದರ್ಭಕ್ಕೆ ಅದೂ ಒಪ್ಪುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅದನ್ನು ಹೇಳಬಾರದಿತ್ತು.

ಆ ವಾರವೇ ಊರಿನ ದೊಡ್ಡ ಸಭಾಂಗಣದ ವ್ಯವಸ್ಥಾಪಕರು ಅವಳಿಗೆ ಫೋನು ಮಾಡಿದರು. ಶನಿವಾರ ಒಂದು ಮದುವೆಯ ಔತಣಕ್ಕೆ ಮೂರಂತಸ್ತಿನ ಕೇಕು ಬೇಕು. ಅದು ಸರಿಯಾಗಿ ಬಂದರೆ ಇನ್ನು ಮುಂದೆ ಸಭಾಂಗಣದ ಕೇಕುಗಳೆಲ್ಲ ಅವಳದೇ.

ಫೋನಿಟ್ಟ ನನ್ನವಳು ಕೇಕಿನ ಬಗ್ಗೆ ಒಂದು ಮಾತೂ ಆಡದೆ ನೇರವಾಗಿ ಹೊರಗೆ ಬಂದು ಕಾರಿನ ಬಾನೆಟ್ಟನ್ನು ಅಂಗೈಯಿಂದ ಒತ್ತಿ ಬಿಟ್ಟಳು. ಕಾರು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಓಲಾಡತೊಡಗಿತು.

"ನೋಡಿ. ಬೆಂದಿರೋ ಸ್ಪಂಜು ಒತ್ತಿದ್ರೆ ಒಂದ್ಸಲ ಮೇಲೆದ್ದು ಸುಮ್ನಾಗತ್ತೆ. ನಿಮ್ ಕಾರು ಹಸೀದು."

ಮಾವನವರು ಎರಡು ಬೀದಿಯಾಚೆ ಇದ್ದಾರೆ. ನಿವೃತ್ತ ಬಸ್ ಚಾಲಕರು, ಕಿವಿ ಸ್ವಲ್ಪ ಮಂದ. ಒಳ್ಳೆಯ ಮೆಕ್ಯಾನಿಕ್ಕು ಯಾರೆಂದು ವಿಚಾರಿಸಲು ಅವರಿಗೆ ಫೋನು ಮಾಡಿ, "ಮಾವ, ಸಸ್ಪೆನ್ಷನ್ ಆಗೋಗಿದೆ" ಎಂದೆ. ಹೇಳಬೇಕಾದದ್ದು 'ಹಾಳಾಗೋಗಿದೆ' ಎಂದು. ಬಾಯಿ ತಪ್ಪಿತು. ಹತ್ತು ನಿಮಿಷದಲ್ಲಿ ಮಾವನವರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು.

"ಅಳಿಯಂದ್ರೇ, ಧೈರ್ಯವಾಗಿರಿ. ನನ್ನನ್ನೂ ಒಂದ್ಸಲ ಸಸ್ಪೆಂಡ್ ಮಾಡಿದ್ರು. ಈಗ ಏನಾಯ್ತು? ನೀರಿನ ದುಡ್ಡಾ?"

"ಮಾವ, ನನ್ನನ್ನಲ್ಲ. ಕಾರಿನ ಸಸ್ಪೆನ್ಷನ್ನು!"

"ಕಾರನ್ನ ಯಾಕ್ರೀ ಸಸ್ಪೆಂಡ್ ಮಾಡಿದ್ರು?"

ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಪಕ್ಕದ ಮನೆಯವರು ಕಿಟಕಿಯಿಂದ ನನ್ನನ್ನು ಮರುಕದಿಂದ ನೋಡತೊಡಗಿದ್ದರು. ಅವರಿಗೆ ಇವತ್ತಿಗೂ ನನ್ನ ಮೇಲೆ ಒಂದು ಅನುಮಾನ ಉಳಿದಿದೆ.

"ಸುಲಭ ಇದೆ. ಹಳೇ ಸ್ಪ್ರಿಂಗು ವಾಪಸ್ ಹಾಕ್ಸಿ, ಕಾರು ಎತ್ತರ ಆಗ್ಲಿ" ಎಂದಳು ನನ್ನವಳು.

ನನ್ನ ಚಿರತೆ ಮತ್ತೆ ಒಂಟೆಯಾಗುವುದರಲ್ಲಿತ್ತು. ಆದರೆ ರಕ್ಷಣೆಗೆ ಬಂದವರು ಮಾವನವರೇ. ಹಳೆಯ ಸ್ಪ್ರಿಂಗುಗಳನ್ನು ನಾನು ಅವರಿಗೆ ಕೊಟ್ಟಿದ್ದೆ. ಅವರು ಅವನ್ನು ವರಾಂಡದಲ್ಲಿ ಹೂಕುಂಡಗಳಿಗೆ ಪೀಠ ಮಾಡಿಕೊಂಡಿದ್ದರು.

"ಅದಾಗಲ್ಲಮ್ಮ. ನನ್ನ ಗುಲಾಬಿ ಈಗತಾನೇ ಮೊಗ್ಗು ಬಿಟ್ಟಿದೆ" ಎಂದರು.

ಹೀಗೆ ಗುಲಾಬಿಯ ದಯೆಯಿಂದ ಕಾರು ಕುಳ್ಳಾಗಿಯೇ ಉಳಿಯಿತು. ಇನ್ನು ಕುಳ್ಳ ಕಾರಿಗೆ ತಕ್ಕ ಶಾಕು ಹುಡುಕಬೇಕು. ಮೂವರೂ ಮಾವನವರಿಗೆ ಗೊತ್ತಿದ್ದ ಮೆಕ್ಯಾನಿಕ್ಕಿನ ಬಳಿಗೆ ಹೊರಟೆವು.

ಮೆಕ್ಯಾನಿಕ್ಕು ಗರಾಜಿನ ಮುಂದೆ ತನ್ನದೇ ಒಂದು ತಗ್ಗಿಸಿದ ಕಾರನ್ನು ನಿಲ್ಲಿಸಿದ್ದ. ಅದನ್ನು ಕಂಡು ನನಗೆ ಅಣ್ಣತಮ್ಮಂದಿರು ಸಿಕ್ಕಷ್ಟು ಸಂತೋಷವಾಯಿತು. ಅವನು ನಮ್ಮ ಚಕ್ರಗಳ ಹಿಂದೆ ಟಾರ್ಚು ಹಾಕಿ ನೋಡಿ, ನಾಲ್ಕು ಸಲ ನಾಲಿಗೆ ಲೊಚಗುಟ್ಟಿದ.

"ಹಿಂದಿನೆರಡು ಶಾಕು, ಮುಂದಿನೆರಡು ಸ್ಟ್ರಟ್ಟು. ನಾಲ್ಕೂ ಖಲಾಸ್ ಸಾರ್."

"ಸ್ಟ್ರಟ್ ಅಂದ್ರೆ ಏನಪ್ಪಾ?" ಎಂದಳು ಇವಳು.

"ಶಾಕು ಅಲುಗಾಟ ತಡೆಯತ್ತೆ, ಅಷ್ಟೇ ಮೇಡಂ. ಸ್ಟ್ರಟ್ಟು ಹಾಗಲ್ಲ. ಕಾರಿನ ಭಾರಾನೂ ಹೊರತ್ತೆ, ಸ್ಟಿಯರಿಂಗ್ ತಿರುಗಿಸಿದ ಕಡೆ ತಿರುಗತ್ತೆ, ಏಟೂ ತಿನ್ನತ್ತೆ."

"ಓ, ಗಂಡ" ಎಂದು ಅವಳು ತಲೆಯಾಡಿಸಿದಳು.

ಆಯ್ಕೆ ಮೂರು ಎಂದ ಅವನು. ಕಂಪನಿಯ ಮಾಮೂಲಿ ಶಾಕು ಮೆತ್ತಗಿರುತ್ತದೆ, ಆದರೆ ಗಿಡ್ಡ ಸ್ಪ್ರಿಂಗಿನ ಜೊತೆ ಮತ್ತೆ ತಲೆ ಚಚ್ಚಿಕೊಂಡು ಸಾಯುತ್ತದೆ. ತಗ್ಗಿಸಿದ ಕಾರಿಗೆಂದೇ ಮಾಡಿದ ಗಿಡ್ಡ, ಗಟ್ಟಿ ಶಾಕು ಇದೆ, ರೇಸಿನವರು ಹಾಕಿಸುವಂಥದ್ದು. ಇನ್ನೊಂದು, ಗಿಡ್ಡದೇ ಆದರೂ ತಿರುಪು ಇರುವಂಥದ್ದು. ತಿರುಗಿಸಿ ಮೆತ್ತಗೂ ಮಾಡಬಹುದು, ಗಟ್ಟಿಯೂ ಮಾಡಬಹುದು.

"ರೇಸಿಂದು!" ಎಂದೆ ನಾನು, ಅವನು ಬಾಯಿ ಮುಚ್ಚುವ ಮೊದಲೇ.

"ನನ್ ಕಾರಿಗೂ ಅದೇ ಸಾರ್. ರಾಜನ ಥರ ಇರತ್ತೆ" ಎಂದ ಅವನು. ಹೇಳುವಾಗ ಸೊಂಟಕ್ಕೆ ಬಿಗಿದಿದ್ದ ಅಗಲವಾದ ಬೆಲ್ಟನ್ನು ಸರಿಪಡಿಸಿಕೊಂಡ.

ನನ್ನವಳು ಆ ಬೆಲ್ಟನ್ನೇ ನೋಡಿದಳು. "ಬೆನ್ನಿಗೇನಾಯ್ತಪ್ಪ?"

"ಇದಾ? ಇದು ಬೇರೆ ಕಾರಣಕ್ಕೆ ಮೇಡಂ."

ಅವಳು ಚೀಲದಿಂದ ಒಂದು ಡಬ್ಬಿ ತೆಗೆದಳು. ಒಳಗೆ ಬಿಳಿ ಕ್ರೀಮಿನ ಒಂದು ಪುಟ್ಟ ಕೇಕು, ಮೇಲೆ ನಡುಗುವ ಕೆಂಪು ಜೆಲ್ಲಿ. ಪರೀಕ್ಷೆಗೆಂದೇ ಮನೆಯಿಂದ ತಂದಿದ್ದಳು! ಮೆಕ್ಯಾನಿಕ್ಕಿನ ಕಾರಿನಲ್ಲಿ ಒಂದು ಸುತ್ತು ಹೊರಟೆವು. ನಾನು ಮುಂದೆ, ಅಪ್ಪ ಮಗಳು ಹಿಂದೆ, ಕೇಕು ಅವಳ ತೊಡೆಯ ಮೇಲೆ. ರಸ್ತೆಯಲ್ಲಿ ಬಿದ್ದಿದ್ದ ಒಂದು ಬೆಂಕಿಕಡ್ಡಿಯ ಮೇಲೆ ಚಕ್ರ ಹತ್ತಿದ್ದೂ ನನ್ನ ಬೆನ್ನುಹುರಿಗೆ ವರದಿಯಾಯಿತು.

"ಆ-ಹಾ-ಹಾ, ಏ-ನು ಸು-ಖ!" ಎಂದೆ. ಪದಗಳು ತಾವಾಗಿಯೇ ತುಂಡಾಗುತ್ತಿದ್ದವು.

"ರೀ, ಜೆಲ್ಲಿ ಎಲ್ಲಿ?" ಎಂದಳು ಹಿಂದಿನಿಂದ.

ಜೆಲ್ಲಿ ಮಾವನವರ ಅಂಗಿಯ ಜೇಬಿನಲ್ಲಿತ್ತು.

ಆಮೇಲೆ ಮೆಕ್ಯಾನಿಕ್ಕು ತನ್ನ ಅಕ್ಕನ ಕಾರನ್ನು ತಂದ. ಅದಕ್ಕೆ ತಿರುಪಿನ ಶಾಕು, ಮೆತ್ತಗೆ ಇಟ್ಟದ್ದು. ಅದೇ ರಸ್ತೆ, ಅದೇ ಉಬ್ಬು. ಕಾರು ಒಮ್ಮೆ ಮೇಲೆದ್ದು, ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಕೇಕಿನ ಮೇಲೆ ಉಳಿದಿದ್ದ ಕ್ರೀಮು ಮಿಸುಕಲಿಲ್ಲ.

"ಬೆಂದಿದೆ" ಎಂದು ತೀರ್ಪು ಹೊರಬಿತ್ತು.

ನಾನು ಮೇಲ್ಮನವಿ ಸಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬೆನ್ನು ಆಗಲೇ ಅವಳ ಕಡೆಗೆ ಮತ ಹಾಕಿತ್ತು. ಮೇಲಾಗಿ, ತಿರುಪು ಎಂದ ಮೇಲೆ ಎರಡೂ ಕಡೆಗೆ ತಿರುಗುತ್ತದಲ್ಲವೇ?

ಶುಕ್ರವಾರ ಸಂಜೆಗೆ ನಾಲ್ಕೂ ಹೊಸವು ಕೂತವು. ಮುಂದಿನವುಗಳ ತಿರುಪು ಬಾನೆಟ್ಟಿನ ಕೆಳಗೆ, ಹಿಂದಿನವುಗಳದು ಡಿಕ್ಕಿಯ ಮೂಲೆಯಲ್ಲಿ. ನನ್ನವಳು ತಾನೇ ಕೈಯಾರೆ ನಾಲ್ಕನ್ನೂ ಸ್ಟೌವಿನ ತಿರುಪಿನಂತೆ ತಿರುಗಿಸಿ, "ಸಣ್ಣ ಉರಿ. ಯಾರೂ ಮುಟ್ಟಬೇಡಿ" ಎಂದು ಅಪ್ಪಣೆ ಕೊಡಿಸಿದಳು.

ಶನಿವಾರ ಬೆಳಿಗ್ಗೆ ಪೆಟ್ರೋಲು ಹಾಕಿಸಲು ಹೋದವನು ಮುಟ್ಟಿದೆ. ಒಂದೇ ಒಂದು ಸುತ್ತು ಚಿರತೆಯಂತೆ ಹೋಗಿಬರೋಣ ಎಂಬ ಚಪಲ. ನಾಲ್ಕನ್ನೂ ದೊಡ್ಡ ಉರಿಗೆ ತಿರುಗಿಸಿ, ಕೆರೆ ಏರಿಯ ತಿರುವುಗಳಲ್ಲಿ ರುಮ್ಮನೆ ಹೋಗಿ, ಧನ್ಯನಾಗಿ ಮನೆಗೆ ಬಂದೆ. ಧನ್ಯತೆಯಲ್ಲಿ ತಿರುಪಿನ ವಿಷಯ ಪೂರ್ತಿ ಮರೆತುಹೋಯಿತು.

ಮಧ್ಯಾಹ್ನ ಮೂರಂತಸ್ತಿನ ಕೇಕು ಡಿಕ್ಕಿ ಏರಿತು. ಹಿಂದಿನ ಸೀಟು ಮಡಚಿ ಜಾಗ ಮಾಡಿದ್ದೆವು. ಅವಳು ಅದನ್ನು ಮಾಡಲು ಎರಡು ದಿನ ನಿಂತೇ ಇದ್ದಳು. ಬಿಳಿಯ ಗೋಡೆಗಳ ಮೇಲೆ ಸಕ್ಕರೆಯ ಹೂಬಳ್ಳಿ, ತುದಿಯಲ್ಲಿ ಜೋಡಿ ಹಕ್ಕಿ. ಮಾವನವರು ಮುಂದಿನ ಸೀಟಿನಲ್ಲಿ, ಇವಳು ಹಿಂದೆ ಮೂಲೆಯಲ್ಲಿ ಮುದುಡಿಕೊಂಡು ಕಾವಲು.

ಮೊದಲ ಉಬ್ಬಿಗೇ ಕಾರು ಧಡ್ ಎಂದು ಜಿಗಿಯಿತು. ಹಿಂದಿನಿಂದ ಟಪ್ ಎಂಬ ಸಣ್ಣ ಸದ್ದು.

"ರೀ" ಎಂದಳು. ಸ್ವರ ತಣ್ಣಗಿತ್ತು. "ಒಂದು ಹಕ್ಕಿ ಹಾರಿಹೋಯ್ತು. ತಿರುಪು ಯಾರು ಮುಟ್ಟಿದ್ದು?"

ಮಾವನವರು ನನ್ನ ಮುಖ ನೋಡಿ, ಕಿಟಕಿಯಾಚೆ ನೋಡತೊಡಗಿದರು. ನಾನು ಬಸ್ ನಿಲ್ದಾಣವೊಂದರ ಪಕ್ಕ ಕಾರು ನಿಲ್ಲಿಸಿದೆ. ಮುಂದಿನ ತಿರುಪುಗಳೇನೋ ಸಲೀಸಾಗಿ ತಿರುಗಿದವು. ಹಿಂದಿನವುಗಳ ಮೇಲೆ ಕೇಕು ಕೂತಿತ್ತು! ಅಪ್ಪ ಮಗಳು ಉಸಿರು ಬಿಗಿಹಿಡಿದು ಅದನ್ನು ಇಳಿಸಿ, ನಿಲ್ದಾಣದ ಬೆಂಚಿನ ಮೇಲೆ ಇಟ್ಟರು. ಬೆಂಚಿನಲ್ಲಿ ಕೂತಿದ್ದವರೆಲ್ಲ ಗಣ್ಯರು ಬಂದಂತೆ ಎದ್ದು ನಿಂತರು. ನಾನು ಡಿಕ್ಕಿಯೊಳಗೆ ತಲೆ ತೂರಿಸಿದೆ. ಒಂದು ತಿರುಪು ಸಿಕ್ಕಿತು. ಇನ್ನೊಂದಕ್ಕೆಂದು ಮತ್ತಷ್ಟು ತೂರಿ ಅದನ್ನೂ ತಿರುಗಿಸಿದೆ. ಅಲ್ಲಿಗೆ ನಾನು ಸಿಕ್ಕಿಹಾಕಿಕೊಂಡೆ.

ಹೊರಗಿನ ಸಂಭಾಷಣೆ ನನ್ನ ಕಾಲುಗಳ ಕಡೆಯಿಂದ ಕೇಳಿಬರುತ್ತಿತ್ತು.

"ಯಾರಮ್ಮ ಇಷ್ಟು ಚೆಂದದ ಕೇಕು ಮಾಡಿದ್ದು?" ಯಾರೋ ವಯಸ್ಸಾದ ಹೆಂಗಸು.

"ನಾನೇ ಅಮ್ಮ."

"ನನ್ನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಮಾಡಿಕೊಡ್ತೀಯಾ? ಅಲ್ಲ, ಆ ಕಾಲುಗಳು ಯಾರವು?"

"ನಮ್ಮನೆಯವರದ್ದು. ಏನೂ ಆಗಿಲ್ಲ, ಗಾಬರಿ ಆಗ್ಬೇಡಿ. ಯಾವತ್ತಿಗೆ ಬೇಕು ಹುಟ್ಟುಹಬ್ಬದ್ದು?"

ಬಸ್ಸು ಬಂತು, ಒಬ್ಬರೂ ಹತ್ತಲಿಲ್ಲ. ಕೇಕನ್ನು ನೋಡುವವರು ಅರ್ಧ, ನನ್ನನ್ನು ನೋಡುವವರು ಅರ್ಧ. ಅವಳು ಮೂರು ಆರ್ಡರು ತೆಗೆದುಕೊಂಡು, ಹಕ್ಕಿಗೆ ಸಕ್ಕರೆಪಾಕ ಹಚ್ಚಿ ಸ್ವಸ್ಥಾನದಲ್ಲಿ ಕೂರಿಸಿದ ಮೇಲೆಯೇ ಮಾವನವರಿಗೆ, "ಅಪ್ಪ, ಇವರನ್ನ ಎಳಿ" ಎಂದಳು. ಮಾವನವರು ನನ್ನ ಕಾಲು ಹಿಡಿದು ಎಳೆದರು. (ಅಳಿಯನ ಕಾಲು ಮಾವನವರೇ ಹಿಡಿದರು ಎಂದು ನಾನು ಕಚೇರಿಯಲ್ಲಿ ಹೇಳಿಕೊಂಡಿದ್ದೇನೆ. ಸಂದರ್ಭ ಹೇಳಿಲ್ಲ.)

"ಕೀಲಿಕೈ ಅಪ್ಪನಿಗೆ ಕೊಡಿ" ಎಂದಳು. ಕೊಟ್ಟೆ.

ಕೇಕು ಮತ್ತೆ ಡಿಕ್ಕಿ ಏರಿತು. ಮಾವನವರು ಸ್ಟಿಯರಿಂಗ್ ಹಿಡಿದು ನೆಟ್ಟಗೆ ಕೂತರು. ಎಷ್ಟೋ ದಿನದಿಂದ ಅವರ ಮುಖದಲ್ಲಿ ಕಾಣದಿದ್ದ ಕಳೆಯೊಂದು ಬಂತು. ಉಬ್ಬು ಬಂದಾಗ ಕಾರು ಒಮ್ಮೆ ಎದ್ದು, ಮೆಲ್ಲಗೆ ಕೂತು, ಸುಮ್ಮನಾಯಿತು. ಹಕ್ಕಿಗಳು ಮುಖ ನೋಡಿಕೊಂಡೇ ಇದ್ದವು.

ಸಭಾಂಗಣದ ಅಡುಗೆಮನೆಗೆ ನೆಲಮಾಳಿಗೆಯಿಂದ ದಾರಿ. ಸೂರು ತೀರ ತಗ್ಗು. ಹಣ್ಣಿನ ವ್ಯಾನು, ಹೂವಿನ ವ್ಯಾನು ಎಲ್ಲ ಹೊರಗೇ ನಿಂತು, ಆಳುಗಳು ಸಾಮಾನು ಹೊತ್ತು ಇಳಿಯುತ್ತಿದ್ದರು. ನಮ್ಮ ಕಾರು ಮಾತ್ರ ತಲೆ ಬಗ್ಗಿಸದೆ ಸರ್ರನೆ ಒಳಗೆ ಹೋಗಿ ಅಡುಗೆಮನೆಯ ಬಾಗಿಲಿಗೇ ನಿಂತಿತು. ವ್ಯವಸ್ಥಾಪಕರು ಕೇಕನ್ನು ಸುತ್ತು ಹಾಕಿ ನೋಡಿದರು, ಕಾರನ್ನೂ ಸುತ್ತು ಹಾಕಿ ನೋಡಿದರು.

"ಕೇಕಿಗೆ ಅಂತಲೇ ಕಾರು ತಗ್ಗಿಸಿದ್ದೀರಾ? ಯಾರ ಐಡಿಯಾ ಇದು?"

ನಾನು ಎದೆಯುಬ್ಬಿಸಿ ಬಾಯಿ ತೆರೆದೆ.

"ನಮ್ಮನೆಯವರದ್ದು" ಎಂದಳು ನನ್ನವಳು, ನನಗಿಂತ ಮೊದಲು. "ನನಗೋಸ್ಕರವೇ ಮಾಡ್ಸಿದ್ರು." ಹೇಳಿ ನನ್ನ ಕಡೆ ತಿರುಗಿ ನಕ್ಕಳು. ಅಂಥ ನಗು ನೋಡಿ ವರ್ಷಗಳಾಗಿದ್ದವು. ಆ ನಗುವಿಗೆ ಎದುರಾಗಿ ಯಾವ ಗಂಡಸು ತಾನೇ "ಅಲ್ಲ" ಎನ್ನುತ್ತಾನೆ?

ಅಲ್ಲಿಗೆ ಕಾರು ನನ್ನ ಕೈತಪ್ಪಿತು. ಸಭಾಂಗಣದ ಕೇಕುಗಳೆಲ್ಲ ಅವಳವಾದವು. ಬಾಡಿಗೆಗೆ ಒಂದು ಅಡುಗೆಮನೆ ಸಿಕ್ಕಿತು, ಆಳೆತ್ತರದ ಓವನ್ನೂ ಬಂತು. ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಿಗ್ಗೆ ಬಂದರೆ ಸಂಜೆಯವರೆಗೂ ಸ್ಟಿಯರಿಂಗ್ ಬಿಡುವುದಿಲ್ಲ. ಆಮೆ ಎಂದವರೇ ಈಗ ಬಾನೆಟ್ಟಿನ ಧೂಳನ್ನು ಕರವಸ್ತ್ರದಿಂದ ಒರೆಸುತ್ತಾರೆ.

ನಾನು ಕಚೇರಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಬರಿಗೈಯಲ್ಲೇನೂ ಅಲ್ಲ. "ಚಿಕ್ಕ ಆರ್ಡರಿಗೆಲ್ಲ ಕಾರು ಯಾಕೆ, ನೀವು ಹೇಗೂ ಆ ಕಡೆ ಹೋಗ್ತೀರಲ್ಲ" ಎಂದು ನನ್ನವಳು ದಿನಕ್ಕೊಂದು ಕೇಕಿನ ಡಬ್ಬಿ ಕೈಗೆ ಕೊಡುತ್ತಾಳೆ. ಆ ಬಸ್ಸಿಗೆ ಶಾಕು ಎಂಬುದು ಹುಟ್ಟಿದಾಗಿನಿಂದ ಇದ್ದಂತಿಲ್ಲ. ಉಬ್ಬು ಬರುತ್ತಿದ್ದಂತೆ ನಾನು ಎದ್ದು ನಿಂತು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಂಡಿ ಮಡಚಿ ಏಳುತ್ತ ಇಳಿಯುತ್ತ ಸಾಗುತ್ತೇನೆ. ಕಂಡಕ್ಟರು ನನ್ನ ಸುತ್ತ ಜಾಗ ಬಿಡಿಸಿಕೊಡುತ್ತಾನೆ.

ಮೊನ್ನೆ ನಮ್ಮ ಮೇಲಧಿಕಾರಿಗಳ ಮಗಳಿಗೆಂದು ಒಂದು ಕೇಕು ಒಯ್ದಿದ್ದೆ. ಅವರು ಡಬ್ಬಿ ತೆರೆದು ಬೆರಗಾದರು.

"ಒಂದು ಚೂರೂ ಅಲುಗಿಲ್ವಲ್ರೀ! ಕಾರಿಗೆ ಯಾವ ಶಾಕು ಹಾಕ್ಸಿದ್ದೀರಿ?"

ನಾನು ಮೆಲ್ಲಗೆ ಕುರ್ಚಿಯಲ್ಲಿ ಕೂತು ಎರಡೂ ಮಂಡಿಗಳನ್ನು ನೀವಿಕೊಂಡೆ.

"ಕಂಪನಿಯದೇ ಸಾರ್" ಎಂದೆ. "ಇನ್ನೂ ಎಣ್ಣೆ ಸೋರಿಲ್ಲ."