ಕಾಕಾ ಮತ್ತೆ ಆಫೀಸಿಗೆ ಹೊಂಟ

ನಾಟಕಕ್ಕೆ ತಾಲೀಮು ಮಾಡುವವರನ್ನು ನೀವು ನೋಡಿದ್ದೀರಿ. ಕುಸ್ತಿಗೆ ತಾಲೀಮು ಮಾಡುವವರನ್ನೂ ನೋಡಿದ್ದೀರಿ. ಆಫೀಸಿಗೆ ಹೋಗುವುದಕ್ಕೆ ಎಂಟು ದಿನ ತಾಲೀಮು ಮಾಡಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ.

ಕಾಕಾ ಗದಗಿನ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಐದು ವರ್ಷದ ಹಿಂದೆ ಕಾಕಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಮುಂಜಾನೆ ಹೋದವು. ಕಾಕಾ ಮರುವಾರವೇ ಕೆಲಸ ಬಿಟ್ಟು ಆಕೆಯ ಆರೈಕೆಗೆ ನಿಂತ. ಬೆಟಗೇರಿಯ ಓಣಿಯ ಜನವೆಲ್ಲ ಹಾಡಿ ಹೊಗಳಿದರು. ಹೊಗಳಿದವರಲ್ಲಿ ಒಬ್ಬರೂ ಅವನ ಕೈಯಲ್ಲಿ ಆರೈಕೆ ಮಾಡಿಸಿಕೊಂಡವರಲ್ಲ, ಅದು ಬೇರೆ ಮಾತು!

ಕೆಲಸ ಬಿಟ್ಟ ಕಾಕಾ ಮನೆಯನ್ನೇ ಆಫೀಸು ಮಾಡಿದ. ಗುಳಿಗೆಗೊಂದು ರಜಿಸ್ಟರು, ಗಂಜಿಗೊಂದು ರಜಿಸ್ಟರು. ಗುಳಿಗೆ ನುಂಗಿದ ಮೇಲೆ ಕಾಕಿ ಎಡಗೈಯಿಂದ ಸಹಿ ಹಾಕಬೇಕು. ಆಕೆಯ ಪರವಾಗಿ ನಾವು ಡಾಕ್ಟರ ಹತ್ತಿರ ದೂರು ಹೇಳೋಣವೆಂದರೆ ಅವರು, “ಕೈಗೆ ಛಲೋ ವ್ಯಾಯಾಮ ಆಗತೈತಿ, ಬಿಡಬ್ಯಾಡ್ರಿ” ಅಂದುಬಿಟ್ಟರು. ಅಲ್ಲಿಗೆ ಕಾಕಿಯ ಕಥೆ ಮುಗಿಯಿತು!

ನಿಧಾನಕ್ಕೆ ಕಾಕಿ ಗೋಡೆ ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಅಡ್ಡಾಡುವಂತಾದಳು. ಮಾತು ಮಾತ್ರ ಒಂದೊಂದೇ ಶಬ್ದವಾಗಿ ಬರುತ್ತಿತ್ತು. “ನೀರು.” “ಸಾಕು.” “ಫ್ಯಾನು.” ಈ ವರ್ಷ ಮುಂಡರಗಿಯಿಂದ ಆಕೆಯ ತಂಗಿ ಜತೆಗಿರಲು ಬಂದಳು. ಬಂದ ಮೂರನೆಯ ದಿನ ಕಾಕಿ ಕಾಕಾನನ್ನು ಕರೆದು, ಬಾಗಿಲ ಕಡೆ ಕೈ ತೋರಿಸಿ ಹೇಳಿದಳು:

“ಆಫೀಸಿಗೆ.”

ಸ್ವಲ್ಪ ಹೊತ್ತು ಬಿಟ್ಟು, “ಹೋಗ್ರಿ.”

ನಾನೂ ಅದೇ ಆಫೀಸಿನಲ್ಲಿ ಇರುವವಳು. ಮ್ಯಾನೇಜರ್ ಮೇಡಂ ಹತ್ತಿರ ಮಾತಾಡಿದೆ. ಕಾಕಾ ಕೆಲಸ ಬಿಟ್ಟಾಗ ಇವರು ಇನ್ನೂ ಕಾಲೇಜಿನಲ್ಲಿದ್ದರು. “ಮುಂಜಾನಿಂದ ಸಂಜೀತನಕಾ ಕುಂಡ್ರಬೇಕು. ಒಂದು ತಿಂಗಳು ನೋಡೂಣು, ಆಮ್ಯಾಲೆ ಖಾಯಂ” ಅಂದರು. ಕಾಕಾ ತಾಲೀಮು ಶುರು ಮಾಡಿದ್ದು ಆಗಲೇ.

ಹತ್ತು ಗಂಟೆಗೆ ಸರಿಯಾಗಿ ಇಸ್ತ್ರಿ ಅಂಗಿ, ಬೆಲ್ಟು, ಬೂಟು ಹಾಕಿ ಪಡಸಾಲೆಯ ಟೇಬಲ್ಲಿನ ಮುಂದೆ ಕೂರುತ್ತಿದ್ದ. ಐದೂವರೆಗೆ ಏಳುತ್ತಿದ್ದ. ನಾಲ್ಕನೆಯ ದಿನ ಗ್ಯಾಸ್ ಸಿಲಿಂಡರಿನವನು ಬಂದ. ಕಾಕಾ ತಲೆ ಎತ್ತದೆ, “ಸಾಹೇಬ್ರು ಮೀಟಿಂಗಿನ್ಯಾಗ ಅದಾರ. ಊಟಾದ ಮ್ಯಾಲೆ ಬರ್ರಿ” ಅಂದ. ಅವನು ಸಿಲಿಂಡರು ಹೊತ್ತು ಹೋದವನು ಆ ವಾರ ಪೂರ್ತಿ ಬರಲಿಲ್ಲ. ಅನ್ನ ಪಕ್ಕದ ಮನೆಯ ಒಲೆಯ ಮೇಲೆ ಬೆಂದಿತು!

ಕಾಕಾ ಕೆಲಸಕ್ಕೆ ಸೇರಿದ್ದು ಮಂಗಳವಾರ. ಸೋಮವಾರ ಯಾಕೆ ಬೇಡ? “ಸೋಮವಾರ ಎಲ್ಲಾರೂ ಸಿಟ್ಟಿನ್ಯಾಗ ಇರ್ತಾರ.” ನನ್ನ ಸ್ಕೂಟಿಯ ಹಿಂದೆ, ತೊಡೆಯ ಮೇಲೆ ನಾಲ್ಕು ಅಂತಸ್ತಿನ ಊಟದ ಡಬ್ಬಿ ಇಟ್ಟುಕೊಂಡು ಕೂತ. ಸ್ಕೂಟಿಯ ಇಂಡಿಕೇಟರಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ಪ್ರತಿ ತಿರುವಿನಲ್ಲೂ ತಾನೇ ಕೈ ಚಾಚಿದ. ಮುಳಗುಂದ ನಾಕಾದ ಹತ್ತಿರ ಹಿಂದಿದ್ದ ಬಸ್ಸಿನವನು, ಯಾರೋ ಹತ್ತುವವರು ಕೈ ಮಾಡಿದರೆಂದು ನಮ್ಮ ಪಕ್ಕಕ್ಕೇ ಬಸ್ಸು ತಂದು ನಿಲ್ಲಿಸಿಯೇಬಿಟ್ಟ.

“ಎಲ್ಲಿಗೆ ಹೊಂಟೀರಿ?” ಕಾಕಾ ಕೇಳಿದ.

“ಲಕ್ಷ್ಮೇಶ್ವರಕ್ಕರಿ. ಜಲ್ದಿ ಹತ್ರಿ!”

“ಇವತ್ತ ಆಗಂಗಿಲ್ಲ ತಮ್ಮಾ, ಡ್ಯೂಟಿ ಐತಿ.”

ಬಸ್ಸಿನವನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆಫೀಸಿನ ಮಟ್ಟಿಗೆ ಅದು ಮಾಮೂಲಿ ದಿನ. ಕಾಕಾನಿಗೊಂದು ಕಂಪ್ಯೂಟರು ಕೊಟ್ಟರು. ಅದು ಪಾಸ್‌ವರ್ಡು ಕೇಳಿತು. ದೊಡ್ಡಕ್ಷರ ಬೇಕು, ಸಣ್ಣಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು. “ನನಗ ಹೆಸರಿಡೂ ಮುಂದ ನಮ್ಮಪ್ಪ ಸೈತ ಇಷ್ಟು ವಿಚಾರ ಮಾಡಿದ್ದಿಲ್ಲ!” ಅಂದ ಕಾಕಾ. ಅಂತೂ ಒಂದು ಹುಟ್ಟಿಸಿದ. ಮರೆತುಬಿಟ್ಟರೆ? ಆಫೀಸಿನ ಐದೂ ಜನರಿಗೆ ತಲಾ ಎರಡೆರಡು ಅಕ್ಷರ ಹಂಚಿ, ನೆನಪಿಟ್ಟುಕೊಳ್ಳಲು ಹೇಳಿದ. ಹನ್ನೊಂದೂವರೆಗೆ ಅವರಲ್ಲೊಬ್ಬ ಹಲ್ಲುನೋವೆಂದು ರಜೆ ಹಾಕಿ ಹೋದ. ಕಾಕಾನ ಕಂಪ್ಯೂಟರು ಬಂದ್!

ಅರ್ಧ ಗಂಟೆಗೊಮ್ಮೆ ಮನೆಗೆ ಫೋನು ಬೇರೆ. ಕಿವಿ ಸ್ವಲ್ಪ ಮಂದವಾದ್ದರಿಂದ ಕಾಕಾನದು ಯಾವಾಗಲೂ ಸ್ಪೀಕರ್ ಫೋನು. ಗುಳಿಗೆ ಕೊಟ್ಟಿರೋ, ಸಹಿ ಮಾಡಿಸಿದಿರೋ, ಸಹಿ ನೆಟ್ಟಗೆ ಬಂತೋ? ಐದನೆಯ ಸಲ ಕಾಕಿಯೇ ಫೋನು ಇಸಿದುಕೊಂಡಳು.

“ಕೆಲಸಾ.” ಇಡೀ ಆಫೀಸು ಉಸಿರು ಬಿಗಿಹಿಡಿದು ಕೇಳಿತು. “ಮಾಡ್ರಿ.” ಫೋನು ಕಟ್.

ಮಧ್ಯಾಹ್ನದ ಹೊತ್ತಿಗೆ ಬೆಳ್ಳಟ್ಟಿಯ ರೈತರೊಬ್ಬರು ಬಂದರು. ನಮ್ಮಲ್ಲಿ ಕೊಂಡು ಬಿತ್ತಿದ ಹೆಸರುಕಾಳು ಹುಟ್ಟಿಲ್ಲವೆಂದು ಬಾಗಿಲಲ್ಲೇ ಬೈಗುಳ ಶುರು ಮಾಡಿದರು. ಕೌಂಟರಿನವನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ ಅಂದ.

“ಹುಟ್ಟಲಾರದ್ದರ ಫೋಟೋ ಹ್ಯಾಂಗ ತಗೀಲೋ ಅಣ್ಣಾ?”

ಕಾಕಾ ಎದ್ದು ಬಂದು, “ಮೊದಲ ಕುಂಡ್ರಿ ಯಜಮಾನ್ರ, ಊಟಾ ಮಾಡೂಣು” ಅಂತ ಡಬ್ಬಿ ಬಿಚ್ಚಿದ. ರೊಟ್ಟಿ, ಶೇಂಗಾ ಚಟ್ನಿ, ಅದರ ಕೆಳಗೆ ಮೊಳಕೆ ಹೆಸರಿನ ಪಲ್ಯ. ರೈತರು ಅದನ್ನೇ ದಿಟ್ಟಿಸಿ ನೋಡಿದರು.

“ನಿಮ್ಮ ಡಬ್ಬ್ಯಾಗ ಮೊಳಕಿ ಒಡದಾವ, ನನ್ನ ಹೊಲದಾಗ ಒಡದಿಲ್ಲ, ನೋಡ್ರಿ!”

ಇಬ್ಬರೂ ನಕ್ಕರು. ನಗುತ್ತಲೇ ಕಾಕಾ ಎಂದು ಬಿತ್ತಿದ್ದು, ಎಷ್ಟು ಆಳ, ಮಳೆ ಯಾವಾಗ ಬಂತು ಎಂದೆಲ್ಲ ಕೇಳಿಕೊಂಡ. ಆಮೇಲೆ ಮೇಡಂ ಹತ್ತಿರ ಹೋಗಿ ಇವತ್ತೇ ಹೊಲ ನೋಡಬೇಕೆಂದ. ಮುಂದಿನ ವಾರ ನೋಡೋಣ ಎಂದರು ಅವರು.

“ಮುಂದಿನ ವಾರ ಹೋದ್ರ ಬರೀ ಕಸಾ ನೋಡಿ ಬರಬೇಕಾಗತೈತ್ರಿ ಮೇಡಂ.”

ಮೇಡಂ ಗಡಿಯಾರ ನೋಡಿದರು, ಕಾಕಾನನ್ನು ನೋಡಿದರು, ಕಡೆಗೆ ಜೀಪಿನ ಕೀಲಿ ಕೊಟ್ಟು, “ನೀನೂ ಹೋಗು” ಎಂದು ನನ್ನನ್ನೂ ಜತೆಗೆ ಹಚ್ಚಿದರು. ಕಾಕಾನ ಮೇಲೆ ಕಣ್ಣಿಡಲಿಕ್ಕೆ ಅಂತ ನನಗೆ ಗೊತ್ತಾಯಿತು. ಕಾಕಾನಿಗೂ ಗೊತ್ತಾಯಿತು.

ರೈತರನ್ನೂ ಜೀಪಿನಲ್ಲಿ ಕೂಡಿಸಿಕೊಂಡು, ಶಿರಹಟ್ಟಿ ದಾಟಿ ನಾವು ಹೊಲ ಮುಟ್ಟಿದಾಗ ಮೂರೂವರೆ. ಇಸ್ತ್ರಿ ಪ್ಯಾಂಟಿನಲ್ಲೇ ಕಾಕಾ ಮೊಣಕಾಲೂರಿ ಕೂತ. ಒಂದಲ್ಲ, ಎರಡಲ್ಲ, ಹನ್ನೆರಡು ಕಡೆ ಕೈಯಿಂದ ಮಣ್ಣು ಕೆದರಿದ. ಹೊಲದ ಒಂದು ಅರ್ಧದಲ್ಲಿ ಮೊಳಕೆ ಬಂದಿತ್ತು, ಮಳೆಗೆ ಗಟ್ಟಿಯಾದ ಮೇಲ್ಮಣ್ಣು ಒಡೆಯಲಾಗದೆ ಒಳಗೇ ಸುರುಳಿ ಸುತ್ತಿಕೊಂಡಿತ್ತು. “ನಾಳೆ ಹಗೂರಕ ಹರಗಿಸಿ ಮ್ಯಾಲಿನ ಮಣ್ಣ ಒಡಸ್ರಿ, ಏಳತಾವ” ಅಂದ. ಇನ್ನೊಂದು ಅರ್ಧದಲ್ಲಿ ಕಾಳು ಕಾಳಾಗಿಯೇ ಇತ್ತು. ಹಿಸುಕಿದರೆ ಹಿಟ್ಟು. ರೈತರು ಬಿತ್ತಿದ್ದು ಎರಡು ಚೀಲ, ಅದು ಎರಡನೆಯ ಚೀಲದ ಬೀಜ.

ಕಾಕಾ ಬದುವಿನ ಮೇಲೆ ಕೂತು ವರದಿ ಬರೆದ. “ಒಂದು ಚೀಲದ ಬೀಜ ಕೆಟ್ಟದ್ದು. ತಪ್ಪು ನಮ್ಮದು. ಬದಲಿ ಬೀಜ ಕೂಡಲೇ ಕೊಡತಕ್ಕದ್ದು.”

“ಕಾಕಾ, ಇನ್ನೂ ಒಂದ ದಿನಾ ಆಗಿಲ್ಲ. ಇಷ್ಟು ಖಡಕ್ ಬರದ್ರ ನೌಕರಿ ಉಳೀತೈತೇನು?” ಅಂದೆ.

“ಉಳದ್ರ ಉಳೀಲಿ, ಹೋದ್ರ ಹೋಗ್ಲಿ. ಕಾಳು ಸುಳ್ಳ ಹೇಳಂಗಿಲ್ಲಲಾ ಯವ್ವಾ.”

ಮರಳಿ ಆಫೀಸು ಸೇರಿದಾಗ ಆರು ದಾಟಿತ್ತು. ಮೇಡಂ ನಮಗಾಗಿ ಕಾಯುತ್ತಿದ್ದರು. ವರದಿಯನ್ನು ಎರಡು ಸಲ ಓದಿದರು. ‘ತಪ್ಪು ನಮ್ಮದು’ ಅನ್ನುವಲ್ಲಿ ಅವರ ಪೆನ್ನು ನಿಂತಿತು. ನಾನು ಮೇಲಿನ ಫ್ಯಾನು ನೋಡುತ್ತ ನಿಂತೆ. ಕೊನೆಗೆ ಕೆಳಗೆ ತಮ್ಮ ಸಹಿ ಹಾಕಿ, “ನಾಳೆ ಹತ್ತಕ್ಕ ಬರ್ರಿ ಸರ್. ಬದಲಿ ಬೀಜ ನೀವ ಕಳಿಸಬೇಕಾಗತೈತಿ” ಅಂದರು.

ಅವತ್ತು ಮೊದಲ ಬಾರಿ ಕಾಕಾನಿಗೆ ಹೇಳಲು ಒಂದು ಒಳ್ಳೆಯ ಸುದ್ದಿಯಿತ್ತು, ಆದರೆ ಅವನ ಫೋನು ಹೊಲದಲ್ಲೇ ಚಾರ್ಜ್ ಮುಗಿದು ಸತ್ತಿತ್ತು. ನನ್ನ ಫೋನಿನಿಂದ ಮನೆಗೆ ಮಾಡಿದ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಇಲ್ಲ. ಕಾಕಾನ ಮುಖ ಬಿಳಿಚಿತು. ಹೋಗುವಾಗ ತಿರುವಿಗೊಮ್ಮೆ ಕೈ ಚಾಚಿದವನು ಬರುವಾಗ ಎರಡೂ ಕೈಯಿಂದ ನನ್ನ ಭುಜ ಹಿಡಿದುಕೊಂಡು ಕೂತಿದ್ದ.

ಓಣಿ ತಿರುಗಿದೆ. ಮನೆಯ ಹೊರಗೆ, ಗೇಟಿನ ಸರಳು ಹಿಡಿದು ಕಾಕಿ ನಿಂತಿದ್ದಳು! ಐದು ವರ್ಷ ತಾನಾಗಿ ಹೊಸ್ತಿಲು ದಾಟದಿದ್ದವಳು ಮೂರು ಮೆಟ್ಟಿಲು ಇಳಿದು ಬಂದಿದ್ದಳು. ಹಿಂದೆ ಆಕೆಯ ತಂಗಿ, ಕೈ ಹಿಡಿಯಲು ಹೋಗಿ ಬೈಸಿಕೊಂಡ ಮುಖ ಮಾಡಿಕೊಂಡು ನಿಂತಿದ್ದಳು. ಒಳಗೆ ಫೋನು ಬಡಿದುಕೊಂಡರೆ ಎತ್ತುವವರಾದರೂ ಯಾರು?

ಸ್ಕೂಟಿ ನಿಂತಿತು. ಕಾಕಿ ಗಂಡನನ್ನು ಬೂಟಿನಿಂದ ತಲೆಯತನಕ ನೋಡಿದಳು. ಮಣ್ಣಾದ ಮೊಣಕಾಲು ನೋಡಿದಳು. ತುಟಿ ಒಂದೆರಡು ಸಲ ಅಲುಗಿತು.

“ಇಷ್ಟೊತ್ತನಕಾ ಎಲ್ಲಿ ಹಾಳಾಗಿ ಹೋಗಿದ್ರೀ?”

ಕಾಕಾ ಬಾಯಿ ತೆರೆದ. ಕಾಕಿ ಉತ್ತರಕ್ಕೆ ಕಾಯಲಿಲ್ಲ. ಅವನು ಚಾಚಿದ ಕೈಯನ್ನು ಸರಿಸಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು.

ಕಾಕಾ ಓಣಿಯಲ್ಲೇ ನಿಂತಿದ್ದ. ಕಣ್ಣು ತುಂಬಿ ಬಂದದ್ದು ಅವನಿಗೇ ಗೊತ್ತಿರಲಿಲ್ಲ ಅನಿಸುತ್ತದೆ, ಒರೆಸಿಕೊಳ್ಳಲಿಲ್ಲ.

“ಕೇಳಿದೇನ ಯವ್ವಾ?” ಅಂದ ಮೆಲ್ಲಗೆ. “ಪೂರ್ತಿ ಬೈದ್ಳು. ಒಂದಕ್ಷರಾ ಬಿಡಲಿಲ್ಲ.”